ಬಾಬೆಲಿನಲ್ಲಿ ಹೊಸ ಫೋನು

ಯುವಜನರ ಆರಾಧನೆ, ಭಾನುವಾರದ ಸಂದೇಶ
ವಾಕ್ಯಭಾಗ: ಯೆರೆಮೀಯ 29:1–14, ದಾನಿಯೇಲ 1 ಮತ್ತು 6

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬೆಳಿಗ್ಗೆ ಬಸ್ ಹತ್ತಿ ಬಂದಿರೋ ತಮ್ಮಂದಿರು ತಂಗಿಯಂದಿರಿಗೆ ಸ್ವಾಗತ. ಹೊರದೇಶದಲ್ಲಿ ರೂಮಲ್ಲಿ ಕೂತು ಆನ್‌ಲೈನ್‌ನಲ್ಲಿ ನೋಡ್ತಾ ಇರೋ ನಮ್ಮ ಮಕ್ಕಳಿಗೂ ಸ್ವಾಗತ. ಇವತ್ತಿನ ಸಂದೇಶ ಮುಖ್ಯವಾಗಿ ನಿಮಗೇ.

ಪ್ರಿಯರೇ, ಹೊರದೇಶಕ್ಕೆ ಹೋದವರು ಇಳಿದ ವಾರದಲ್ಲೇ ಮಾಡೋ ಕೆಲಸ ಏನು? ಅಲ್ಲಿಯ ಸಿಮ್ ತಗೋತಾರೆ. ಮೊದಲ ಸಂಬಳದಲ್ಲಿ ಹೊಸ ಫೋನ್ ತಗೋತಾರೆ. ಆ ಫೋನು ಕೈಗೆ ಪಳಗೋಕೆ ಒಂದೆರಡು ವಾರ ಬೇಕು. ದುಬೈಗೆ ಹೋದವರು ವಾಟ್ಸಾಪ್‌ನಲ್ಲಿ ಮನೆಗೆ ಕಾಲ್ ಮಾಡ್ತಾರೆ, ಹೋಗಲ್ಲ. ಮೆಸೇಜ್ ಹೋಗುತ್ತೆ, ಕಾಲ್ ಇಲ್ಲ. ಅಲ್ಲಿಯ ಕಾನೂನು ಹಾಗಿದೆ. ಬೋಟಿಂ ತರಹ ಅಲ್ಲಿ ಅನುಮತಿ ಇರೋ ಆ್ಯಪ್ ಹಾಕ್ಕೋಬೇಕು. ಇವರು ಒಬ್ಬರು ಹಾಕ್ಕೊಂಡ್ರೆ ಸಾಲದು, ಊರಲ್ಲಿ ಅಮ್ಮನ ಫೋನಲ್ಲೂ ಅದೇ ಆ್ಯಪ್ ಇರಬೇಕು. ಕೋಟೆ ಕಾಡಂಚಿನ ಹಳ್ಳಿಯಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ರಸ್ತೆವರೆಗೆ ನಡೆದು ಬರೋ ತಾಯಿಗೆ ಅದನ್ನು ಯಾರು ಹಾಕಿಕೊಡ್ತಾರೆ? ಈ ಪ್ರಶ್ನೆ ನೆನಪಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಈಗ ಯೆರೆಮೀಯ 29ನೇ ಅಧ್ಯಾಯಕ್ಕೆ ಬನ್ನಿ. ನೆಬೂಕದ್ನೆಚ್ಚರನು ಯೆರೂಸಲೇಮಿನ ಜನರನ್ನು ಸೆರೆ ಹಿಡಿದು ಬಾಬೆಲಿಗೆ ಒಯ್ದಿದ್ದಾನೆ. ಇದು ಕ್ರಿ.ಪೂ. 597ರ ಮಾತು. ಊರಲ್ಲಿ ಉಳಿದ ಯೆರೆಮೀಯ ಅಲ್ಲಿರೋರಿಗೆ ಒಂದು ಕಾಗದ ಬರೀತಾನೆ. ಆಗ ಟಪಾಲು ಇರಲಿಲ್ಲ; ಅರಸನು ಬಾಬೆಲಿಗೆ ಕಳಿಸುತ್ತಿದ್ದ ಇಬ್ಬರ ಕೈಯಲ್ಲಿ ಕೊಟ್ಟು ಕಳಿಸ್ತಾನೆ. ದಾರಿ ಎಷ್ಟು ದಿನದ್ದು? ಎಜ್ರನು ಬಾಬೆಲಿನಿಂದ ಯೆರೂಸಲೇಮಿಗೆ ಬರೋಕೆ ನಾಲ್ಕು ತಿಂಗಳು ಹಿಡಿಯಿತು ಅಂತ ಎಜ್ರ 7:9ರಲ್ಲಿದೆ. ಯೋಚಿಸಿ, ಊರಿಂದ ಒಂದು ಮಾತು ತಲುಪೋಕೆ ತಿಂಗಳುಗಟ್ಟಲೆ! ನಮಗೆ ಎರಡು ನೀಲಿ ಗೆರೆ ಎರಡು ನಿಮಿಷ ತಡವಾದ್ರೆ ಕೋಪ ಬರುತ್ತೆ.

ಅಷ್ಟು ದೂರ ಹೊತ್ತು ತಂದ ಕಾಗದದಲ್ಲಿ ಏನಿತ್ತು? "ಬೇಗ ಬಂದ್ಬಿಡಿ" ಅಂತ ಇರಲಿಲ್ಲ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮದುವೆ ಮಕ್ಕಳು ಆಗಲಿ, ನೀವಿರೋ ಆ ಪಟ್ಟಣದ ಒಳ್ಳೇದಕ್ಕಾಗಿ ಪ್ರಾರ್ಥನೆ ಮಾಡಿ ಅನ್ನೋದು ಅದರ ತಾತ್ಪರ್ಯ. ಎಪ್ಪತ್ತು ವರ್ಷ ಅಂತ ಲೆಕ್ಕವನ್ನೂ ಹೇಳಿತ್ತು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಸುಳ್ಳು ಪ್ರವಾದಿ ಬೇರೆ ಮಾತು ಹೇಳಿದ್ದ: ಎರಡೇ ವರ್ಷ, ಎಲ್ಲ ಸರಿಹೋಗುತ್ತೆ ಅಂತ. ಎಷ್ಟು ವರ್ಷ? ಎರಡು! ಗಲ್ಫ್‌ಗೆ ಹೋಗೋ ಪ್ರತಿಯೊಬ್ಬರ ಬಾಯಲ್ಲೂ ಇದೇ ಮಾತು ಕೇಳಿದ್ದೀನಿ: "ಎರಡು ವರ್ಷ ಅಷ್ಟೇ ಬ್ರದರ್, ಸಾಲ ತೀರಿಸಿ ಬಂದ್ಬಿಡ್ತೀನಿ." ಪರ್ಮಿಟ್ಟೂ ಎರಡು ವರ್ಷದ್ದು. ಆಮೇಲೆ ಅದು ರಿನ್ಯೂ ಆಗುತ್ತೆ, ಮತ್ತೆ ರಿನ್ಯೂ ಆಗುತ್ತೆ. ದೇಹ ಅಲ್ಲಿ ದುಡೀತಾ ಇರುತ್ತೆ, ಜೀವನ ಮಾತ್ರ ಇನ್ನೂ ಶುರುವೇ ಆಗಿರಲ್ಲ.

ಇವತ್ತಿನ ಸಂದೇಶ ಇಷ್ಟೇ: ದೇವರು ನಿಮ್ಮನ್ನು ಇಟ್ಟ ಊರಲ್ಲಿ ಪೂರ್ತಿಯಾಗಿ ಬಾಳಿ. ಕೈಯಲ್ಲಿರೋ ಫೋನು ಅದಕ್ಕೆ ಸಹಾಯ ಮಾಡಬೇಕು. ಅಲ್ಲಿಂದ ತಪ್ಪಿಸಿಕೊಂಡು ಓಡೋ ಹಿತ್ತಲ ಬಾಗಿಲು ಅದಾಗಬಾರದು. ಆಮೆನ್ ಹೇಳ್ತೀರಾ?

ಹೊಸ ಫೋನ್ ಆನ್ ಮಾಡಿದ ಕೂಡಲೇ ಅದು ನಮಗೆ ಕೆಲವು ಪ್ರಶ್ನೆ ಕೇಳುತ್ತೆ. ಅದರಲ್ಲಿ ಮೂರನ್ನು ತಗೊಳ್ಳೋಣ.

1. ಯಾವ ಭಾಷೆ?

ಮೊದಲನೇ ಪರದೆಯಲ್ಲೇ ಭಾಷೆ ಆರಿಸು ಅಂತ ಬರುತ್ತೆ. ದಾನಿಯೇಲನಿಗೂ ಬಾಬೆಲಿನಲ್ಲಿ ಮೊದಲು ಎದುರಾದದ್ದು ಇದೇ. ಕಸ್ದೀಯರ ಭಾಷೆ, ಅವರ ಗ್ರಂಥಗಳು, ಮೂರು ವರ್ಷದ ತರಬೇತಿ. ಹೆಸರು ಕೂಡ ಬದಲಾಯಿಸಿದರು. ದಾನಿಯೇಲ ಕಲಿತನಾ? ಕಲಿತ, ಚೆನ್ನಾಗಿಯೇ ಕಲಿತ. ಪರೀಕ್ಷೆಯಲ್ಲಿ ಬೇರೆಯವರಿಗಿಂತ ಹತ್ತು ಪಟ್ಟು ಮೇಲೆ ಬಂದ ಅಂತ ವಾಕ್ಯ ಹೇಳುತ್ತೆ. ಆದರೆ ಅರಸನ ಊಟದ ವಿಷಯ ಬಂದಾಗ "ಇದು ಬೇಡ" ಅಂದ. ನೋಡಿ, ಭಾಷೆಗೆ ಹೌದು ಅಂದ, ಅಶುದ್ಧಕ್ಕೆ ಇಲ್ಲ ಅಂದ. ನಾವು ಕೆಲವು ಸಾರಿ ಉಲ್ಟಾ ಮಾಡ್ತೀವಿ. ಅಲ್ಲಿಯ ಭಾಷೆ ಕಲಿಯೋಕೆ ಬೇಜಾರು, ಅಲ್ಲಿಯ ವೀಕೆಂಡು ಮಾತ್ರ ಮೊದಲನೇ ವಾರದಲ್ಲೇ ಕಲಿತಿರ್ತೀವಿ.

ಜರ್ಮನಿಗೆ ಹೋಗೋ ನಮ್ಮ ನರ್ಸಿಂಗ್ ಓದಿದ ತಂಗಿಯರು ಬಿ2 ಹಂತದವರೆಗೆ ಜರ್ಮನ್ ಕಲೀಬೇಕು. ಕಷ್ಟ ಇದೆ. ಆದರೆ ಆಸ್ಪತ್ರೆಯಲ್ಲಿ ಒಬ್ಬ ಮುದುಕಿ ರಾತ್ರಿ ಎರಡು ಗಂಟೆಗೆ ನೋವಿನಿಂದ ಏನೋ ಹೇಳಿದಾಗ, ಆಕೆಯ ಮಾತು ಅರ್ಥವಾಗೋದೂ ಒಂದು ಸೇವೆಯೇ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಏನು ಮಾಡಿದ? ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ. ಪಾರ್ಥ್ಯರು, ಐಗುಪ್ತದವರು, ಅರಬ್ಬಿಯರು, ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ದೇವರ ಮಹತ್ಕಾರ್ಯ ಕೇಳಿದರು. ಅಭಿಷೇಕ ಬಂದ ದಿನವೇ ದೇವರು ಹೊರದೇಶದವರ ಭಾಷೆಗೆ ಮರ್ಯಾದೆ ಕೊಟ್ಟನು. ಅನ್ಯಭಾಷೆಯಲ್ಲಿ ಪ್ರಾರ್ಥಿಸೋ ನಾವು ಪಕ್ಕದ ಬೆಡ್‌ನವನ ಭಾಷೆಯಲ್ಲಿ "ಊಟ ಆಯ್ತಾ" ಅಂತ ಕೇಳೋದನ್ನೂ ಕಲಿಯೋಣ.

2. ಯಾವ ದೇಶ, ಯಾವ ಸಮಯ?

ಎರಡನೇ ಪ್ರಶ್ನೆ: ನೀನೀಗ ಎಲ್ಲಿದ್ದೀಯ, ನಿನ್ನ ಟೈಮ್ ಏನು? ಕೆಲವರು ಫೋನಲ್ಲಿ ಭಾರತದ ಟೈಮ್ ಬದಲಾಯಿಸೋದೇ ಇಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಜರ್ಮನಿ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ನಾವು ಹತ್ತು ಗಂಟೆಗೆ ಆರಾಧನೆ ಶುರುಮಾಡಿದ್ರೆ ಅಲ್ಲಿ ಬೆಳಿಗ್ಗೆ ಐದೂವರೆ. ಆ ಚಳಿಯಲ್ಲಿ ಎದ್ದು ನಮ್ಮ ಲೈವ್ ನೋಡ್ತೀರಲ್ಲ, ನಿಮ್ಮ ಹಸಿವೆಗಾಗಿ ದೇವರಿಗೆ ಸ್ತೋತ್ರ. ಆದರೆ ಒಂದು ಮಾತು ಹೇಳ್ತೀನಿ, ಇದನ್ನು ಕೇಳಿ ನಮ್ಮ ಮೀಡಿಯಾ ಟೀಮ್‌ನವರು ಬೇಜಾರು ಮಾಡ್ಕೋಬಾರದು: ನಮ್ಮ ಲೈವ್ ನಿಮ್ಮ ಸಭೆ ಅಲ್ಲ. ಅಲ್ಲಿ ಒಂದು ಸಭೆ ಸೇರಿ.

ಯಾಕೆ? ನಿಮಗೆ ಜ್ವರ ಬಂದಾಗ ಮೈಸೂರಿಂದ ಗಂಜಿ ತಂದುಕೊಡೋಕೆ ನಮಗಾಗಲ್ಲ. ನೀವು ತಪ್ಪು ದಾರಿ ಹಿಡಿದ್ರೆ ಮುಖ ನೋಡಿ ಗುರುತು ಹಿಡಿಯೋಕೆ ಕ್ಯಾಮೆರಾ ನಿಮ್ಮ ಕಡೆಗಿಲ್ಲ, ನಮ್ಮ ಕಡೆಗಿದೆ. ಲೈವ್‌ನಲ್ಲಿ ಅಪ್ಪ ಮುರಿದ ರೊಟ್ಟಿಯನ್ನು ಕೈಗೆ ಕೊಡೋರಿಲ್ಲ. ದುಬೈನ ಜೆಬೆಲ್ ಅಲಿಯಲ್ಲಿ ಬೇರೆ ಬೇರೆ ಸಭೆಗಳು ಅಕ್ಕಪಕ್ಕದಲ್ಲೇ ಇವೆ. ಯುಎಇಯಲ್ಲಿ 2022ರ ಜನವರಿಯಿಂದ ಸರ್ಕಾರಿ ರಜೆ ಶನಿವಾರ ಭಾನುವಾರಕ್ಕೆ ಬಂದಿದೆ. ಶುಕ್ರವಾರವೇ ಕೂಡುವ ಸಭೆಗಳೂ ಇವೆ. ಹಾಡು ಬೇರೆ ಇರಬಹುದು, ಬೋಧಕರು ಮಲಯಾಳದಲ್ಲೋ ತಗಾಲೋಗ್‌ನಲ್ಲೋ ಮಾತಾಡಬಹುದು. ಪರವಾಗಿಲ್ಲ, ಹೋಗಿ ಕೂತ್ಕೊಳ್ಳಿ. ಕೂಡಿಬರೋದನ್ನು ಬಿಡಬೇಡಿ ಅಂತ ಇಬ್ರಿಯರಿಗೆ ಬರೆದ ಪತ್ರಿಕೆ 10ನೇ ಅಧ್ಯಾಯ ನಮಗೆ ಬುದ್ಧಿ ಹೇಳುತ್ತೆ.

ಇದಕ್ಕೆ ಸಾಕ್ಷಿ ನೋಡಬೇಕಾದ್ರೆ ಬಾಬೆಲಿಗೆ ಹೋಗಬೇಕಾಗಿಲ್ಲ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಸಾಕು. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದ ಜನ ಅಲ್ಲಿ ನೆಲೆಸಿದರು. ಹಿಮದ ನಾಡಿನವರು, ನಮ್ಮ ಬಿಸಿಲು, ನಮ್ಮ ಕಾಡು. ನಾಳೆ ವಾಪಸ್ ಹೋಗ್ತೀವಿ ಅಂತ ಗಂಟು ಕಟ್ಟಿಕೊಂಡೇ ಕೂತಿದ್ರೆ? ಅವರು ಕಾಡು ಕಡಿದು ಹೊಲ ಮಾಡಿದರು, ಮುಸುಕಿನ ಜೋಳ ಬೆಳೆದರು, ಮನೆ, ಶಾಲೆ ಕಟ್ಟಿದರು. ಇವತ್ತು ಅರವತ್ತು ವರ್ಷದ ಮೇಲಾಯ್ತು. ಯೆರೆಮೀಯ ಹೇಳಿದ ಎಪ್ಪತ್ತಕ್ಕೆ ಹತ್ತಿರ. ನಂಬಿಕೆ ಬೇರೆ, ನಿಜ. ಆದರೆ ದೂರದ ನಾಡಲ್ಲಿ ಬೇರು ಬಿಟ್ಟು ಬಾಳೋದು ಅಂದ್ರೇನು ಅಂತ ನಮ್ಮ ಕಣ್ಣೆದುರಿಗೇ ತೋರಿಸಿದ ನೆರೆಯವರು ಅವರು.

3. ಹಳೇ ಫೋನಿಂದ ಏನು ತರ್ತೀಯ?

ಮೂರನೇ ಪ್ರಶ್ನೆ ಇದು. ಕಾಂಟ್ಯಾಕ್ಟ್, ಫೋಟೋ, ಮೆಸೇಜ್, ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು? ಕೆಲವು ನಂಬರು ಅಲ್ಲೇ ಬಿಟ್ಟು ಬಂದ್ರೆ ಒಳ್ಳೇದು, ನಿಮಗೇ ಗೊತ್ತು ಯಾವುದು ಅಂತ. ಆದರೆ ಒಂದು ನಂಬರ್ ಮಾತ್ರ ಕೊನೆವರೆಗೂ ಇರಲಿ, ಅದು ಅವ್ವನ ನಂಬರ್.

ಆ ನಂಬರಿಗೆ ಸತ್ಯ ಹೇಳಿ. "ಉಂಡ್ಯಾ ಮಗ?" ಅಂತ ಅವ್ವ ಕೇಳ್ತಾಳೆ. "ಉಂಡೆ ಕಣವ್ವ, ಚೆನ್ನಾಗಿದ್ದೀನಿ." ವಿಡಿಯೋ ಕಾಲ್‌ನಲ್ಲಿ ಹಿಂದೆ ಒಳ್ಳೇ ಗೋಡೆ ಕಾಣೋ ಹಾಗೆ ನಿಂತಿರ್ತೀರ. ಆ ಗೋಡೆ ಆಚೆ ಒಂದೇ ರೂಮಲ್ಲಿ ಎಂಟು ಜನ. ಸಂಬಳ ಬಂದು ಮೂರು ತಿಂಗಳಾಗಿದೆ. ಅವ್ವನಿಗೆ ನೋವಾಗಬಾರದು ಅನ್ನೋ ಪ್ರೀತಿ ಅದು, ಅರ್ಥವಾಗುತ್ತೆ. ಆದರೆ ಆ ಪ್ರೀತಿ ನಿಮ್ಮನ್ನು ಒಂಟಿ ಮಾಡುತ್ತೆ. ಅವ್ವ ಯಾವುದಕ್ಕೆ ಪ್ರಾರ್ಥನೆ ಮಾಡಬೇಕು ಅಂತಾನೇ ಅವಳಿಗೆ ಗೊತ್ತಿರಲ್ಲ. ಬಾಬೆಲಿನ ಕಾಲುವೆ ದಂಡೆಯಲ್ಲಿ ಕೂತು ಅತ್ತವರ ಹಾಡನ್ನು ದೇವರು 137ನೇ ಕೀರ್ತನೆಯಾಗಿ ಬೈಬಲ್‌ನಲ್ಲೇ ಉಳಿಸಿದ್ದಾನೆ. ಅಳುವನ್ನು ಅಡಗಿಸಿಡು ಅಂತ ಆತನು ಹೇಳಲಿಲ್ಲ.

ಹುಣಸೂರಿನವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಹುಣಸೂರು ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ, ಎಣ್ಣೆ ಮಾರೋಕೆ ಆಫ್ರಿಕಾದ ದೇಶಗಳಿಗೆ ಹೋಗ್ತಾರೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಎರಡು ಸೇನಾ ಪಡೆಗಳ ನಡುವೆ ಕದನ ಶುರುವಾಯ್ತು. ಎಲ್ ಫಾಶರ್ ಅನ್ನೋ ಊರಲ್ಲಿ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿ ಜನ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನೋ ಸುದ್ದಿ ನಾಡಿಗೆಲ್ಲ ಹರಡಿತು. ಸುತ್ತ ಗುಂಡಿನ ಸದ್ದು, ಊಟ ನೀರಿಗೆ ಕಷ್ಟ. ಅವರು ಫೋನಲ್ಲಿ ಏನಂದ್ರು? "ಚೆನ್ನಾಗಿದ್ದೀವಿ" ಅನ್ನಲಿಲ್ಲ. ಅಪಾಯದಲ್ಲಿದ್ದೀವಿ, ಕರೆಸಿಕೊಳ್ಳಿ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಮಾತು ಊರಿಂದ ಪತ್ರಿಕೆಗೆ, ಬೆಂಗಳೂರಿಗೆ, ದೆಹಲಿಗೆ ಮುಟ್ಟಿತು. ಏಪ್ರಿಲ್ 24ಕ್ಕೆ ಸರ್ಕಾರ ಆಪರೇಷನ್ ಕಾವೇರಿ ಶುರುಮಾಡಿತು. ಮರುದಿನ ಪೋರ್ಟ್ ಸುಡಾನ್‌ನಿಂದ ನೌಕಾಪಡೆಯ ಹಡಗು 278 ಭಾರತೀಯರ ಮೊದಲ ತಂಡವನ್ನು ಹತ್ತಿಸಿಕೊಂಡು ಜೆಡ್ಡಾ ಕಡೆಗೆ ಹೊರಟಿತು. ಪ್ರಿಯರೇ, ಕಷ್ಟದಲ್ಲಿ ಇರುವವನು ಕಷ್ಟ ಅಂತ ಹೇಳೋದು ಅವಿಶ್ವಾಸ ಅಲ್ಲ. ಕೆಲಸದ ಜಾಗದಲ್ಲಿ ಮೋಸ ಆಗ್ತಿದ್ರೆ ಮನೆಗೆ ಹೇಳಿ, ಸಭೆಗೆ ಹೇಳಿ, ಭಾರತದ ರಾಯಭಾರ ಕಚೇರಿಗೆ ಹೇಳಿ. ದೂರು ಕೊಡೋಕೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ 2015ರಿಂದ ಇದೆ.

ಇನ್ನೊಂದು ಮಾತು. ಫೋನಿನ ದಾರಿ ಒಂದು ದಿನ ಮುಚ್ಚಿಹೋಗಬಹುದು. ಮತ್ತೆ ಬೈಲಕುಪ್ಪೆಗೆ ಬನ್ನಿ. ಇಲ್ಲಿರೋ ಟಿಬೆಟಿಯನ್ನರು ಟಿಬೆಟ್‌ನಲ್ಲಿರೋ ಅಪ್ಪ ಅಮ್ಮನ ಜೊತೆ ಮಾತಾಡ್ತಿದ್ದದ್ದು ಹೆಚ್ಚಾಗಿ ವೀಚಾಟ್‌ನಲ್ಲಿ. 2020ರ ಜೂನ್ 29ರಂದು ಭಾರತ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ವೀಚಾಟ್ ಕೂಡ ಇತ್ತು. ದೇಶಕ್ಕೆ ಅದರ ಕಾರಣ ಇತ್ತು. ಆದರೆ ಎಷ್ಟೋ ಮನೆಗಳಲ್ಲಿ ತಾಯಿಯ ಧ್ವನಿ ನಿಂತುಹೋಯ್ತು. ಮನುಷ್ಯರು ಕೊಟ್ಟ ದಾರಿ ಮನುಷ್ಯರೇ ಮುಚ್ಚಬಹುದು.

ದಾನಿಯೇಲ 6ನೇ ಅಧ್ಯಾಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸಿದರು, ಮೂವತ್ತು ದಿನ. ದಾನಿಯೇಲ ಏನು ಮಾಡಿದ? ಮನೆಗೆ ಹೋದ. ಯೆರೂಸಲೇಮಿನ ಕಡೆಗಿದ್ದ ಕಿಟಕಿ ತೆರೆದೇ ಇತ್ತು. ದಿನಕ್ಕೆ ಮೂರು ಸಾರಿ ಮೊಣಕಾಲೂರಿದ, ಯಾವಾಗಲೂ ಮಾಡ್ತಿದ್ದ ಹಾಗೆ. ಅಷ್ಟರಲ್ಲಿ ಅವನಿಗೆ ವಯಸ್ಸಾಗಿದೆ, ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಬಾಬೆಲಿನಲ್ಲೇ ಜೀವನ ಮಾಡಿದ, ಕಿಟಕಿ ಮಾತ್ರ ಮುಚ್ಚಲಿಲ್ಲ. ಹಲ್ಲೆಲೂಯಾ! ನಮ್ಮ ಊರಿನ ಸಿಮ್‌ಗೆ ರೀಚಾರ್ಜ್ ಮಾಡದೆ ತೊಂಬತ್ತು ದಿನ ಬಳಸದೇ ಬಿಟ್ರೆ ನಂಬರ್ ಹೋಗಬಹುದು, ಬ್ಯಾಂಕ್ ಓಟಿಪಿ ಬರಲ್ಲ ಅಂತ ಎಲ್ಲರೂ ಎಚ್ಚರವಾಗಿರ್ತೀರ. ಮೊಣಕಾಲೂರಿ ಎಷ್ಟು ದಿನ ಆಯ್ತು? ಆದರೂ ಕೇಳಿ, ಎಷ್ಟೇ ದಿನ ಆಗಿರಲಿ, ಕರ್ತನು ನಿಮ್ಮ ನಂಬರನ್ನು ಇನ್ನೊಬ್ಬರಿಗೆ ಕೊಟ್ಟಿಲ್ಲ. ಈ ರಾತ್ರಿ ಕೂಗಿದ್ರೂ ಈ ರಾತ್ರಿಯೇ ಕೇಳ್ತಾನೆ.

ಈಗ ಈ ವಾರದ ಕೆಲಸ. ಹೊರದೇಶದಲ್ಲಿರೋ ಮಕ್ಕಳೇ, ಈ ವಾರ ಒಂದು ಸಭೆ ಹುಡುಕಿ. ನೀವಿರೋ ಪಟ್ಟಣದ ಹೆಸರು ಹೇಳಿ ಪ್ರಾರ್ಥನೆ ಮಾಡಿ. ಮನೆಗೆ ಒಂದು ಸಾರಿ ಪೂರ್ತಿ ಸತ್ಯ ಮಾತಾಡಿ. ಮೈಸೂರು, ಬೆಂಗಳೂರಿನಲ್ಲಿರೋ ತಮ್ಮಂದಿರೇ ತಂಗಿಯರೇ, ನಾನು ಮೊದಲು ಕೇಳಿದ ಪ್ರಶ್ನೆ ನಿಮಗೆ. ಮಗನೋ ಮಗಳೋ ಹೊರಗಿರೋ ಒಬ್ಬ ತಾಯಿಯ ಮನೆಗೆ ಹೋಗಿ. ಬೇಕಾದ ಆ್ಯಪ್ ಹಾಕಿಕೊಡಿ, ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಇಡಿ, ಓಟಿಪಿ ಯಾರಿಗೂ ಹೇಳಬೇಡಿ ಅಮ್ಮ ಅಂತ ತಿಳಿಸಿ. ಅವಸರ ಮಾಡಬೇಡಿ, ಅವರು ಕೊಡೋ ಕಾಫಿ ಕುಡಿದು, ಒಂದು ಪ್ರಾರ್ಥನೆ ಮಾಡಿ ಬನ್ನಿ. ಯೆರೆಮೀಯನ ಕಾಗದ ತಾನಾಗಿ ಬಾಬೆಲಿಗೆ ಹೋಗಲಿಲ್ಲ, ಹೊತ್ತುಕೊಂಡು ಹೋಗೋಕೆ ಇಬ್ಬರು ಬೇಕಾಯ್ತು. ಆ ಇಬ್ಬರು ನೀವಾಗಿ.

ಎಲ್ಲರೂ ಎದ್ದು ನಿಲ್ಲೋಣ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ದೂರದ ದೇಶಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಅವರಿರುವ ಪಟ್ಟಣಗಳನ್ನು ಆಶೀರ್ವದಿಸು. ಒಂಟಿಯಾಗಿರುವವರಿಗೆ ಒಂದು ಸಭೆಯನ್ನು ಕೊಡು, ಮೋಸಹೋದವರಿಗೆ ನ್ಯಾಯ ಕೊಡು, ಸುಳ್ಳು ನಗು ನಕ್ಕು ಸಾಕಾದವರಿಗೆ ಸತ್ಯ ಹೇಳುವ ಧೈರ್ಯ ಕೊಡು. ಫೋನಿಗಾಗಿ ಕಾದು ಕೂತಿರುವ ತಂದೆತಾಯಿಯರನ್ನು ಪವಿತ್ರಾತ್ಮನು ಸಂತೈಸಲಿ. ನಮ್ಮ ಕಿಟಕಿ ನಿನ್ನ ಕಡೆಗೆ ತೆರೆದೇ ಇರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.