ಗುರಿ ತಪ್ಪಿದರೆ ಬಿಲ್ ಯಾರಿಗೆ?

ಅಮೆರಿಕದಲ್ಲಿ ಶಿಕಾರಿಗೆ ಹೊಸದಾಗಿ ಇಳಿಯುವವರಿಗೆ ಅನುಭವಸ್ಥರು ಹೇಳಿಕೊಡುವ ಒಂದು ಹಳೇ ಸೂತ್ರ ಇದೆ: ರೈಫಲ್‌ಗೆ ಎಷ್ಟು ಕೊಟ್ಟೆಯೋ, ಅದರ ಮೇಲಿನ ಸ್ಕೋಪಿಗೂ ಅಷ್ಟೇ ಕೊಡು. ಸ್ಕೋಪ್ ಅಂದರೆ ಬಂದೂಕಿನ ಬೆನ್ನ ಮೇಲೆ ಕೂರಿಸುವ ಸಣ್ಣ ದುರ್ಬೀನು. ಒಳಗೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಎರಡೂ ಕೂಡುವ ಜಾಗ ಜಿಂಕೆಯ ಮೇಲೆ ಬಂದು ನಿಂತಾಗ ಟ್ರಿಗರ್ ಎಳೆಯಬೇಕು. ಬೆಲೆ 200 ಡಾಲರ್ ಒಳಗಿಂದಲೇ ಶುರುವಾಗುತ್ತೆ. ವಿಸ್ಕಾನ್ಸಿನ್‌ನ ವೋರ್ಟೆಕ್ಸ್, ಆರೆಗಾನ್‌ನ ಲ್ಯೂಪೋಲ್ಡ್ ಕಂಪನಿಗಳ ಮಧ್ಯಮ ದರ್ಜೆಯವು ನಾಲ್ಕೈನೂರರ ಆಸುಪಾಸು. ಆಸ್ಟ್ರಿಯಾದ ಸ್ವರೋವ್‌ಸ್ಕಿಯ ಮೇಲ್ದರ್ಜೆಯವು 2,500 ದಾಟುತ್ತವೆ. ಮಾಡುವ ಕೆಲಸ ಒಂದೇ, ಬೆಲೆಯಲ್ಲಿ ಹತ್ತು ಪಟ್ಟಿಗೂ ಹೆಚ್ಚು ಅಂತರ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಆಮೇಲಿನ ತಿದ್ದುಪಡಿಗಳಿಂದಾಗಿ ಶಿಕಾರಿ ನಿಂತಿದೆ. ಹಾಗಾಗಿ ಇದು ನಮ್ಮ ತಲೆನೋವಲ್ಲ ಅಂದುಕೊಂಡಿದ್ದೆ. ಆದರೆ ವಿಸ್ಕಾನ್ಸಿನ್‌ನಲ್ಲಿ ಹದಿನೈದು ವರ್ಷದಿಂದ ನೆಲೆಸಿರುವ ಗೆಳೆಯನೊಬ್ಬ ಫೋನಿನಲ್ಲಿ ಈ ಪ್ರಶ್ನೆಯನ್ನೇ ಕೇಳಿದ. ಅಲ್ಲಿ ಪ್ರತಿ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಸುತ್ತ, ಒಂಬತ್ತು ದಿನ ಜಿಂಕೆ ಬೇಟೆಯ ಸೀಸನ್. ಐದು ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ತೆಗೆದುಕೊಂಡು ಕಾಡಿಗಿಳಿಯುತ್ತಾರೆ. ಇವನ ಸಹೋದ್ಯೋಗಿಯ ಮನೆಯವರದ್ದು ಸ್ವಂತ ಜಮೀನಿದೆ, ಕರೆದಿದ್ದಾರೆ.

“ಮಗಾ, ನೀನು ಕ್ಯಾಮೆರಾ ಲೆನ್ಸಿಗೆಲ್ಲಾ ದುಡ್ಡು ಸುರಿದೋನು. ಸ್ಕೋಪಿಗೆ ಎಷ್ಟು ಹಾಕಬಹುದು ಹೇಳು. ಮುನ್ನೂರಾ, ಸಾವಿರಾನಾ?”

“ಗುರು, ಲೆನ್ಸ್ ಸರಿ ಇಲ್ಲ ಅಂದ್ರೆ ನನ್ನ ಫೋಟೊ ಮಸುಕಾಗುತ್ತೆ ಅಷ್ಟೇ. ನಿಂದು ಹಂಗಲ್ಲವಲ್ಲ” ಅಂದೆ. ಮಾತಿಗೆ ಹೇಳಿದ್ದು. ಫೋನ್ ಇಟ್ಟ ಮೇಲೆ ಅದೇ ತಲೆಯಲ್ಲಿ ಕೂತಿತು.

ಮೊದಲು, ಜಾಸ್ತಿ ದುಡ್ಡಿಗೆ ಏನು ಸಿಗುತ್ತೆ ಅಂತ ನೋಡೋಣ. 3-9×40 ಅನ್ನುವುದು ಅಲ್ಲಿನ ಅತಿ ಸಾಮಾನ್ಯ ಸ್ಕೋಪ್. ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ, ಮುಂದಿನ ಗಾಜು 40 ಮಿಲಿಮೀಟರ್. ಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಸೇರುವ ಬೆಳಕಿನ ವೃತ್ತದ ಅಗಲ ಸಿಗುತ್ತೆ. ಒಂಬತ್ತು ಪಟ್ಟಿನಲ್ಲಿ ಅದು 4.4 ಮಿಲಿಮೀಟರ್. ಹರೆಯದವರ ಕಣ್ಣಿನ ಪಾಪೆ ಕತ್ತಲಲ್ಲಿ ಸುಮಾರು 7 ಮಿಲಿಮೀಟರ್ ಅರಳುತ್ತೆ, ವಯಸ್ಸಾದಂತೆ ಕಮ್ಮಿಯಾಗುತ್ತೆ. ಅಂದರೆ ಮುಸ್ಸಂಜೆಯಲ್ಲಿ ಝೂಮನ್ನು ಆರಕ್ಕೆ ಇಳಿಸಿದರೆ ಸಾಕು, ಬೆಳಕಿನ ವೃತ್ತ 6.7ಕ್ಕೆ ಏರುತ್ತೆ, ಬಿಟ್ಟಿಯಾಗಿ. ದುಬಾರಿ ಗಾಜು, ಅದರ ಮೇಲಿನ ಲೇಪನ ಇವು ಬೆಳಕು ಚೆದುರದಂತೆ ನೋಡಿಕೊಳ್ಳುತ್ತವೆ ನಿಜ. ಆದರೆ ಈ ಭಾಗಾಕಾರವನ್ನು ಯಾವ ಕಂಪನಿಯೂ ಬದಲಿಸಲಾರದು.

ದುಡ್ಡು ನಿಜವಾಗಿ ಕೆಲಸ ಮಾಡುವುದು ಹೊರಗೆ ಕಾಣದ ಜಾಗದಲ್ಲಿ. ಸ್ಕೋಪಿನ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ 100 ಗಜ ದೂರದಲ್ಲಿ ಗುರಿ ಸುಮಾರು ಕಾಲು ಇಂಚು ಸರಿಯಬೇಕು. ನಾಲ್ಕು ಕ್ಲಿಕ್ಕಿಗೆ ಒಂದು ಇಂಚು. ಮತ್ತೆ ನಾಲ್ಕು ಕ್ಲಿಕ್ ಹಿಂದಕ್ಕೆ ತಿರುಗಿಸಿದರೆ ಮೊದಲಿದ್ದ ಜಾಗಕ್ಕೇ ಬರಬೇಕು. ತೀರಾ ಅಗ್ಗದ ಸ್ಕೋಪುಗಳು ಎಡವುವುದು ಇಲ್ಲೇ. ಗುಂಡು ಹಾರಿದಾಗಿನ ಒದೆತಕ್ಕೆ ಒಳಗಿನ ಭಾಗ ಒಂದು ಕೂದಲೆಳೆ ಅಲುಗಿದರೂ ಗೆರೆ ಒಂದು ಕಡೆ ತೋರಿಸುತ್ತೆ, ಗುಂಡು ಇನ್ನೊಂದು ಕಡೆ ಹೋಗುತ್ತೆ. ಚಳಿಯಿಂದ ಬೆಚ್ಚನೆ ಕಾರಿಗೆ, ಕಾರಿನಿಂದ ಮತ್ತೆ ಚಳಿಗೆ ಒಯ್ದಾಗ ಒಳಗಡೆ ಮಂಜು ಕಟ್ಟುವುದೂ ಉಂಟು.

ಈಗ ಜಿಂಕೆಯ ಕಡೆ ಬನ್ನಿ. ಅದರ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲ. ಒಂದು ಚಪಾತಿಯಷ್ಟು. ಗುಂಡು ಆ ಚಪಾತಿಯೊಳಗೆ ಬಿದ್ದರೆ ಜಿಂಕೆ ಬೇಗ ಸಾಯುತ್ತೆ. ಒಂದಡಿ ಹಿಂದಕ್ಕೆ, ಹೊಟ್ಟೆಗೆ ಬಿದ್ದರೆ, ಓಡಿಹೋಗಿ ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತೆ. ಒಮ್ಮೊಮ್ಮೆ ಯಾರಿಗೂ ಸಿಗುವುದೂ ಇಲ್ಲ.

ನಾವು ಯಾವುದೇ ವಸ್ತು ಕೊಳ್ಳುವಾಗ ಮಾಡುವ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತೆ: ಇಷ್ಟು ಕೊಟ್ಟರೆ ನನಗೆ ಇಷ್ಟು ಸುಖ, ಇನ್ನಷ್ಟು ಕೊಟ್ಟರೆ ಇನ್ನೊಂಚೂರು ಸುಖ, ಸಾಕು ಅನ್ನಿಸಿದ ಕಡೆ ನಿಲ್ಲಿಸೋಣ. ಹೆಡ್‌ಫೋನಿಗೆ, ಓಡೋ ಶೂಗೆ, ಕಾಫಿ ಮೆಷಿನ್ನಿಗೆ ಈ ಲೆಕ್ಕ ಸರಿ. ಕೊಳ್ಳುವವನೂ ಅವನೇ, ಕೊಂಡದ್ದು ಕಳಪೆಯಾದರೆ ಅನುಭವಿಸುವವನೂ ಅವನೇ. ಸ್ಕೋಪಿನ ವ್ಯಾಪಾರದಲ್ಲಿ ಮಾತ್ರ, ತಪ್ಪಿನ ಬೆಲೆ ತೆರುವ ಜೀವ ಅಂಗಡಿಯ ಕೌಂಟರಿನ ಹತ್ತಿರವೇ ಇರುವುದಿಲ್ಲ. ಉಳಿಸಿದ 200 ಡಾಲರ್ ನನ್ನ ಜೇಬಿಗೆ. ಅದರಿಂದ ಆಗುವ ಗಾಯ ಜಿಂಕೆಯ ಹೊಟ್ಟೆಗೆ.

ಹಳೆಯ ಕಾಲದ ಹುಲಿ ಶಿಕಾರಿಯಲ್ಲಿ ಹೀಗಿರಲಿಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದವರಿಗೆ ಗಾಯಗೊಂಡ ಪ್ರಾಣಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ತಿಂದಿತ್ತು ಅಂತ ಲೆಕ್ಕ. ಸತ್ತ ಮೇಲೆ ನೋಡಿದರೆ ಅದರ ಒಂದು ಪಕ್ಕದ ಕೋರೆಹಲ್ಲುಗಳು ಮುರಿದಿದ್ದವು. ಯಾವನೋ ಯಾವತ್ತೋ ಹೊಡೆದ ಗುಂಡಿನ ಗಾಯ ಅದು, ಅದರಿಂದಲೇ ಸಹಜ ಬೇಟೆ ಆಗದೆ ಮನುಷ್ಯರ ಮೇಲೆ ಬಿತ್ತು ಅಂತ ಕಾರ್ಬೆಟ್ ಬರೆದಿದ್ದಾರೆ. ಅಂದರೆ ಹುಲಿಗೆ ಅರೆಬರೆ ಈಡು ಹೊಡೆದರೆ ಬಿಲ್ ವಾಪಸ್ ಬರುತ್ತಿತ್ತು. ಹೊಡೆದವನಿಗಲ್ಲದಿದ್ದರೂ ಅವನ ಪಕ್ಕದ ಊರಿಗೆ. ಅದಕ್ಕೇ ಗಾಯಗೊಂಡ ಹುಲಿಯನ್ನು ಹುಡುಕಿಕೊಂಡು ಹೋಗಿ ಮುಗಿಸಿಯೇ ಬರಬೇಕು ಅನ್ನುವ ಕಟ್ಟುಪಾಡು. ಜಿಂಕೆ ನರಭಕ್ಷಕ ಆಗಲ್ಲ. ಅದು ಯಾರಿಗೂ ತೊಂದರೆ ಕೊಡದೆ ಸಾಯುತ್ತೆ. ಲೆಕ್ಕ ಕೇಳಲು ಯಾರೂ ಬರುವುದಿಲ್ಲ ಅನ್ನುವ ಕಾರಣಕ್ಕೇ ಇಲ್ಲಿ ಲೆಕ್ಕ ನಾವೇ ಇಟ್ಟುಕೊಳ್ಳಬೇಕು.

ಹಾಗಾದರೆ ಉತ್ತರ ಸುಲಭ, ಅತ್ಯಂತ ದುಬಾರಿಯದನ್ನೇ ಕೊಂಡುಬಿಡೋಣ, ಜಿಂಕೆಯ ಮೇಲಿನ ಕರುಣೆಗೆ ಸಾಲ ಆದರೂ ಪರವಾಗಿಲ್ಲ ಅಂತೀರಾ? ನಿಲ್ಲಿ. ಇಲ್ಲಿ ಇನ್ನೊಂದು ಮಗ್ಗುಲಿದೆ.

ಒಳ್ಳೆಯ ಸ್ಕೋಪು ಕೈಗೆ ಬಂದ ಮೇಲೆ ಮನುಷ್ಯ ಮೊದಲಿನಷ್ಟೇ ದೂರದಲ್ಲಿ ನಿಲ್ಲುವುದಿಲ್ಲ. ಇಪ್ಪತ್ತೈದು ಪಟ್ಟು ದೊಡ್ಡದಾಗಿ ಕಂಡರೆ, 500 ಗಜದಾಚೆಯ ಜಿಂಕೆಯೂ ಅಂಗಳದಲ್ಲೇ ನಿಂತಂತೆ ಕಾಣುತ್ತೆ. ಕಾಣುತ್ತಿದೆ ಅಂದಮೇಲೆ ಹೊಡೆಯಬಹುದು ಅನ್ನಿಸುತ್ತೆ. ಆದರೆ ಸಾಮಾನ್ಯ .308 ರೈಫಲ್ಲಿನ ಗುಂಡು ಅಷ್ಟು ದೂರ ತಲುಪಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಮೇಯುತ್ತಿರುವ ಜಿಂಕೆ ಒಂದು ಹೆಜ್ಜೆ ಮುಂದಿಡಲು ಅಷ್ಟು ಸಾಕು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಇದ್ದರೆ ಆ ಗುಂಡು 100 ಗಜದಲ್ಲಿ ಒಂದು ಇಂಚಿನೊಳಗೇ ಸರಿಯುತ್ತೆ, 500 ಗಜದಲ್ಲಿ ಒಂದೂವರೆ ಅಡಿಗೂ ಹೆಚ್ಚು. ಚಪಾತಿಯ ಅಗಲ 8 ಇಂಚು ಅನ್ನುವುದು ನೆನಪಿರಲಿ. ಮೂರು ಸಾವಿರ ಡಾಲರಿನ ಗಾಜು ಈಗ ನಿಂತಿರುವ ಜಿಂಕೆಯನ್ನು ತೋರಿಸುತ್ತೆ. ಅರ್ಧ ಸೆಕೆಂಡಿನ ನಂತರದ ಜಿಂಕೆಯನ್ನು ತೋರಿಸುವ ಗಾಜು ಯಾವ ಅಂಗಡಿಯಲ್ಲೂ ಇಲ್ಲ.

ಅಂದರೆ ನೋವು ಕಮ್ಮಿ ಮಾಡಲಿ ಅಂತ ಕೊಟ್ಟ ದುಡ್ಡೇ ದೂರ ಹೆಚ್ಚಿಸಿ, ನೋವಿನ ಸಾಧ್ಯತೆಯನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಬಹುದು. ಅಮೆರಿಕದ ಬೇಟೆಗಾರರಿಗೂ ಇದು ಗೊತ್ತಿಲ್ಲದ್ದಲ್ಲ. ಥಿಯೋಡರ್ ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ‘ಫೇರ್ ಚೇಸ್’ ಅನ್ನುವ ತತ್ವವನ್ನು ಬೆಳೆಸಿತು: ಪ್ರಾಣಿಗೂ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶ ಇರಬೇಕು. ಐಡಹೋ ರಾಜ್ಯದಲ್ಲಂತೂ ದೊಡ್ಡ ಪ್ರಾಣಿಗಳ ಬೇಟೆಗೆ 16 ಪೌಂಡಿಗಿಂತ ಭಾರದ ರೈಫಲ್ ಒಯ್ಯುವಂತಿಲ್ಲ. ಎಷ್ಟು ಕೈಲಾದೀತು ಅನ್ನುವುದಕ್ಕೂ ಎಷ್ಟು ಮಾಡಬೇಕು ಅನ್ನುವುದಕ್ಕೂ ನಡುವೆ ಒಂದು ಗೆರೆ ಬೇಕು ಅಂತ ಬೇಟೆಯ ನಾಡೇ ಒಪ್ಪಿಕೊಂಡಿದೆ.

ನಮ್ಮಲ್ಲಿ ಇದಕ್ಕೆ ದಶರಥನ ಕತೆ ಇದೆ. ಶಬ್ದವೇಧಿ ಅವನ ಹೆಮ್ಮೆಯ ವಿದ್ಯೆ. ಸದ್ದು ಕೇಳಿದರೆ ಸಾಕು, ಕಾಣದಿದ್ದರೂ ಬಾಣ ಮುಟ್ಟುತ್ತಿತ್ತು. ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದು ಕೇಳಿತು, ಆನೆ ನೀರು ಕುಡಿಯುತ್ತಿದೆ ಅಂದುಕೊಂಡ, ಬಾಣ ಬಿಟ್ಟ. ಬಾಣ ಗುರಿ ತಪ್ಪಲಿಲ್ಲ ಅನ್ನುವುದೇ ಅಲ್ಲಿನ ದುರಂತ. ಅವನ ಬಿಲ್ಲಿನಲ್ಲಿ ಕೊರತೆ ಇರಲಿಲ್ಲ, ಕೈಯಲ್ಲೂ ಇರಲಿಲ್ಲ. ನನ್ನಿಂದ ಆಗುತ್ತೆ ಅನ್ನುವ ಒಂದೇ ಕಾರಣಕ್ಕೆ ಬಾಣ ಬಿಟ್ಟ. ಇವತ್ತಿನ ದುಬಾರಿ ಸ್ಕೋಪು ಕೊಡುವುದೂ ಅದೇ ಧೈರ್ಯವನ್ನ. ಅಮೆರಿಕದ ಹಲವು ರಾಜ್ಯಗಳಲ್ಲಿ ಸೂರ್ಯಾಸ್ತವಾದ ಅರ್ಧ ಗಂಟೆಯವರೆಗೂ ಬೇಟೆಗೆ ಅನುಮತಿ ಇದೆ. ಆ ಕೊನೆಯ ನಿಮಿಷಗಳಲ್ಲಿ ಒಳ್ಳೆಯ ಗಾಜಿನಲ್ಲಿ ಜಿಂಕೆ ಚೆನ್ನಾಗೇ ಕಾಣುತ್ತೆ. ಅದರ ಹಿಂದೆ ಏನಿದೆ, ಯಾರಿದ್ದಾರೆ ಅನ್ನುವುದು ಅಷ್ಟು ಚೆನ್ನಾಗಿ ಕಾಣಲ್ಲ.

ಗೆಳೆಯನಿಗೆ ಆಮೇಲೆ ಬರೆದು ಕಳಿಸಿದ್ದು ಇಷ್ಟು. ಬೆಲೆಯಿಂದ ಶುರು ಮಾಡಬೇಡ, ದೂರದಿಂದ ಶುರು ಮಾಡು. ಯಾರದ್ದಾದರೂ ರೈಫಲ್ ಕೇಳಿ ತಗೊಂಡು ಶೂಟಿಂಗ್ ರೇಂಜಿಗೆ ಹೋಗು. ಮೇಜಿನ ಮೇಲೆ ಇಟ್ಟು ಹೊಡೆಯುವುದು ಬೇಡ, ಕಾಡಿನಲ್ಲಿ ಕೂರುವ ಹಾಗೆ ಕೂತು ಹೊಡಿ. ಎಷ್ಟು ದೂರದವರೆಗೆ ನಿನ್ನ ಎಲ್ಲಾ ಗುಂಡುಗಳೂ, ಹತ್ತಕ್ಕೆ ಹತ್ತೂ, ಚಪಾತಿಯೊಳಗೆ ಬೀಳುತ್ತವೋ ಅದು ನಿನ್ನ ದೂರ. ಹೊಸಬರಿಗೆ ಅದು 100 ಗಜ ಆಗಬಹುದು, ಇನ್ನೂ ಕಮ್ಮಿಯೂ ಆಗಬಹುದು. ಆ ದೂರದಲ್ಲಿ ನಿನ್ನ ಕೈಗಿಂತ ಮೊದಲು ಸೋಲದಂಥ ಸ್ಕೋಪ್ ತಗೋ. ಗೆರೆ ಅಲುಗಬಾರದು, ಮಂಜು ಕಟ್ಟಬಾರದು. ವಿಸ್ಕಾನ್ಸಿನ್ ಕಾಡಿಗೆ ಮುನ್ನೂರರಿಂದ ಐನೂರು ಡಾಲರಿನ ಒಂದು ಪ್ರಾಮಾಣಿಕ 3-9×40 ಧಾರಾಳ ಸಾಕು. ಅದನ್ನು ರೈಫಲ್‌ಗೆ ಬಿಗಿಯುವ ಬಳೆಗಳಲ್ಲಿ ಮಾತ್ರ ಜಿಪುಣತನ ಬೇಡ. ಮಿಕ್ಕಿದ್ದರಲ್ಲಿ ಒಂದು ಬೈನಾಕ್ಯುಲರ್ ಕೊಳ್ಳು, ಯಾಕೆಂದರೆ ದೂರದಲ್ಲಿ ಅಲ್ಲಾಡಿದ್ದು ಏನು ಅಂತ ಸ್ಕೋಪಿನಲ್ಲಿ ನೋಡಿದರೆ, ಅದು ಮನುಷ್ಯನಾಗಿದ್ದ ಪಕ್ಷದಲ್ಲಿ ನೀನು ಅವನಿಗೆ ಬಂದೂಕು ಹಿಡಿದಿರುತ್ತೀಯ. ಇನ್ನೂ ಉಳಿದರೆ ಅಭ್ಯಾಸದ ಗುಂಡಿಗೆ ಹಾಕು.

ಕೈಯಲ್ಲಿ ದುಡ್ಡಿಲ್ಲದ, ಚಳಿಗಾಲದ ಮಾಂಸಕ್ಕಾಗಿ ಅಜ್ಜನ ಕಾಲದ ರೈಫಲ್ ಹಿಡಿದು ಹೋಗುವ ಬಡವನ ಕತೆ ಏನು? ಅವನು ನಮಗಿಂತ ಕಮ್ಮಿ ನೀತಿವಂತ ಅಂತಲ್ಲ. ಅವನ ಬಳಿ ಸ್ಕೋಪೇ ಇಲ್ಲದಿರಬಹುದು. ಅದಕ್ಕೆ ಅವನು ಐವತ್ತು ಗಜದವರೆಗೆ ಹತ್ತಿರ ಹೋಗುತ್ತಾನೆ, ಗಾಳಿ ನೋಡುತ್ತಾನೆ, ಕಾಯುತ್ತಾನೆ, ಆಗಲ್ಲ ಅನ್ನಿಸಿದರೆ ಬಿಟ್ಟು ಬರುತ್ತಾನೆ. ದುಡ್ಡಿನಲ್ಲಿ ಕೊಡಲಾಗದ್ದನ್ನು ತಾಳ್ಮೆಯಲ್ಲಿ ಕೊಡುತ್ತಾನೆ. ಜಿಂಕೆಯ ಲೆಕ್ಕದಲ್ಲಿ ಎರಡೂ ಒಂದೇ ಖಾತೆಗೆ ಜಮೆ.

ಬೇಟೆಯೇ ತಪ್ಪಲ್ವಾ, ಇದೆಲ್ಲಾ ಯಾಕೆ ಅಂತ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಸಿಗುವವರೆಗೆ ಈ ಚಿಕ್ಕ ಪ್ರಶ್ನೆಯನ್ನು ಮುಂದೂಡುವಂತಿಲ್ಲ, ಯಾಕೆಂದರೆ ನವೆಂಬರ್ ಪ್ರತಿ ವರ್ಷ ಬರುತ್ತೆ. ಮಹಾಭಾರತದಲ್ಲಿ ಮಿಥಿಲೆಯ ಮಾಂಸದಂಗಡಿಯವನ ಹತ್ತಿರ ಕೌಶಿಕ ಧರ್ಮ ಕೇಳಲು ಹೋಗುತ್ತಾನೆ. ವೃತ್ತಿ ಘೋರವಾದದ್ದು ಅಂತ ಆ ವ್ಯಾಧನೇ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡೇ, ಅದರೊಳಗಿದ್ದುಕೊಂಡು ಹೇಗೆ ಬದುಕಬೇಕು ಅಂತ ಹೇಳುತ್ತಾನೆ. ಚಿಕನ್ ಆರ್ಡರ್ ಮಾಡಿ ತಿನ್ನುವ ನಾವಂತೂ ಕೋಳಿ ಹೇಗೆ ಸತ್ತಿತು ಅಂತ ಕೇಳಿದವರೇ ಅಲ್ಲ.

ಬಂದೂಕು ಮುಟ್ಟದ ನಮ್ಮ ಬದುಕಿನಲ್ಲೂ ಈ ಲೆಕ್ಕ ದಿನಾ ಬರುತ್ತೆ. ಬೆಂಗಳೂರಿನಲ್ಲಿ ಬೈಕ್ ಓಡಿಸುವವನ ತಲೆಗೆ ಐದು ಸಾವಿರದ ಹೆಲ್ಮೆಟ್, ಹಿಂದೆ ಕೂರುವ ತಂಗಿಗೋ ಹೆಂಡತಿಗೋ ಪೊಲೀಸರಿಗೆ ತೋರಿಸಲಿಕ್ಕೆ ಫುಟ್‌ಪಾತಿನ ಅರ್ಧ ಹೆಲ್ಮೆಟ್. ಅದು ಕಮ್ಮಿ ಖರ್ಚು ಮಾಡಿದ ತಪ್ಪು. ಅದೇ ಬೈಕಿಗೆ ತನಗೆ ರಸ್ತೆ ಚೆನ್ನಾಗಿ ಕಾಣಲಿ ಅಂತ ಇನ್ನಷ್ಟು ದುಡ್ಡು ಕೊಟ್ಟು ಕಣ್ಣು ಕುಕ್ಕುವ ಎಲ್‌ಇಡಿ ದೀಪ ಹಾಕಿಸುವುದು ಜಾಸ್ತಿ ಖರ್ಚು ಮಾಡಿದ ತಪ್ಪು, ಎದುರಿಗೆ ಬರುವವನಿಗೆ ಮೂರು ಸೆಕೆಂಡು ಏನೂ ಕಾಣಲ್ಲ. ಎರಡೂ ಕಡೆ ಕೊಳ್ಳುವಾಗ ನೋಡಿದ್ದು ತನ್ನ ಜೇಬು, ತನ್ನ ಅನುಕೂಲ. ಹಿಂದೆ ಕೂತವಳನ್ನೂ ಎದುರಿಗೆ ಬರುವವನನ್ನೂ ಅಂಗಡಿಗೆ ಕರೆದುಕೊಂಡು ಹೋಗೋಕಾಗಲ್ಲ. ಅವರ ಪರವಾಗಿ ಒಂದು ಮಾತು ಕೇಳಿ ಆಮೇಲೆ ಕಾರ್ಡ್ ಉಜ್ಜಬಹುದು.