ವರದಿ ನಿಜ, ಮಾತು ನಿಜವೇ?

ಮುಳಬಾಗಿಲು ತಾಲ್ಲೂಕಿನ ತಾಯಲೂರು ಆಂಧ್ರದ ಗಡಿಗೆ ಸಮೀಪವಿರುವ ಒಂದು ಹೋಬಳಿ ಕೇಂದ್ರ. ಕನ್ನಡ, ತೆಲುಗು ಎರಡೂ ಜನರ ನಾಲಿಗೆಯ ಮೇಲೆ ಸಲೀಸಾಗಿ ಹರಿಯುವ ಸೀಮೆ ಇದು. ಹರಿಯದೇ ಇರುವುದು ನೀರು ಮಾತ್ರ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪೂರ್ವಿಕರು ಕಟ್ಟಿದ ಕೆರೆಗಳು, ಅವು ಬತ್ತಿದ ಮೇಲೆ ಸಾವಿರ ಅಡಿಗೂ ಇಳಿಯುವ ಕೊಳವೆ ಬಾವಿಗಳು, ಇವೇ ಇಲ್ಲಿನ ರೈತನ ಆಸರೆ. ಆದುದರಿಂದ ಚುನಾವಣೆ ಬಂದಾಗಲೆಲ್ಲ ಈ ಭಾಗದ ವೇದಿಕೆಗಳಲ್ಲಿ ನೀರಿನ ಮಾತು ಕೇಳಿಬರುತ್ತದೆ. ಇಷ್ಟು ನೀರು ಬರುತ್ತದೆ, ಇಂತಿಷ್ಟು ಕೆರೆಗಳು ತುಂಬುತ್ತವೆ ಎಂದು ನಾಯಕರು ಹೇಳುತ್ತಾರೆ. ಮರುದಿನ ಅದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಸಾಲ ಮಾಡಿ ಇನ್ನೊಂದು ಕೊಳವೆ ಬಾವಿ ತೋಡಿಸಲೇ, ಇಲ್ಲವೇ ಒಂದು ವರ್ಷ ಕಾಯಲೇ ಎಂದು ತೊಳಲಾಡುತ್ತಿರುವ ರೈತ ಅದನ್ನು ಓದುತ್ತಾನೆ. ಅವನ ಪಾಲಿಗೆ ಅದು ಕೇವಲ ಸುದ್ದಿಯಲ್ಲ, ಬದುಕಿನ ಲೆಕ್ಕಾಚಾರ.

ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ನಾಯಕರು ಹೇಳಿದ್ದನ್ನು ವರದಿಗಾರ ಒಂದಕ್ಷರವೂ ತಪ್ಪದಂತೆ ಬರೆದಿದ್ದಾನೆ. ವರದಿ ನಿಜ. ಆದರೆ ಆ ಮಾತೇ ಸುಳ್ಳಾಗಿದ್ದರೆ? ‘ನಾನು ಹೇಳಲಿಲ್ಲ, ಅವರು ಹೇಳಿದ್ದನ್ನು ಬರೆದೆ’ ಎಂಬ ಸಮಾಧಾನ ಅವನನ್ನು ಹೊಣೆಯಿಂದ ಪಾರುಮಾಡುತ್ತದೆಯೇ? ಪಾರುಮಾಡದು ಎಂಬುದೇ ಈ ಲೇಖನದ ನಿಲುವು. ಪತ್ರಿಕೆಯಲ್ಲಿ ಅಚ್ಚಾದ ಮಾತಿಗೆ ವೇದಿಕೆಯ ಮಾತಿಗಿಲ್ಲದ ಒಂದು ತೂಕ ಬರುತ್ತದೆ. ಆ ತೂಕವನ್ನು ಕೊಟ್ಟವನು ಪತ್ರಕರ್ತ. ಕೊಡುವ ಮುನ್ನ ತೂಗಿ ನೋಡುವುದೂ ಅವನ ಕರ್ತವ್ಯವೇ ಆಗಬೇಕು.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ, ಪೇಟೆಯಲ್ಲಿ ಹಬ್ಬುವ ಗಾಳಿಸುದ್ದಿಗೆ ಬದಲಾಗಿ ನೆಚ್ಚಬಹುದಾದ ವರ್ತಮಾನವನ್ನು ಜನರಿಗೆ ಒದಗಿಸುವುದು ಅದರ ಉದ್ದೇಶಗಳಲ್ಲೊಂದಾಗಿತ್ತು. ಕನ್ನಡದ ಮೊದಲ ಪತ್ರಿಕೆಯೇ ವದಂತಿಗೆ ಮದ್ದಾಗಿ ಹುಟ್ಟಿತು ಎನ್ನಬಹುದು. ಇದೇ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಸಾರ್ವಜನಿಕ ವಿಷಯದಲ್ಲಿ ಅಭಿಪ್ರಾಯಕ್ಕಿಂತ ಮೊದಲು ಅಧ್ಯಯನವಿರಬೇಕು ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಹಾಗಾದರೆ ರಾಜಕಾರಣಿಯ ಮಾತನ್ನು ಪರೀಕ್ಷಿಸುವುದು ಹೇಗೆ? ಕ್ರಮ ಸರಳ, ಆದರೆ ಶ್ರಮದ್ದು. ಮೊದಲು ಅವರು ಆಡಿದ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಬೇಕು. ಆಧಾರವೇನೆಂದು ಅವರನ್ನೇ ಕೇಳಬೇಕು. ಬಳಿಕ ಮೂಲ ದಾಖಲೆಗೆ ಹೋಗಬೇಕು: ಯೋಜನಾ ವರದಿ, ಆಯವ್ಯಯ ಪತ್ರ, ಲೆಕ್ಕ ಪರಿಶೋಧಕರ ವರದಿ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಮೂವತ್ತು ದಿನ ಕಾಯಬೇಕು. ವಿಷಯ ಬಲ್ಲವರನ್ನು, ಅದರಲ್ಲೂ ಲಾಭನಷ್ಟದ ಹಂಗಿಲ್ಲದವರನ್ನು ವಿಚಾರಿಸಬೇಕು. ಕೊನೆಗೆ, ಕಂಡುಕೊಂಡದ್ದನ್ನು ಓದುಗನೂ ಸ್ವತಃ ನೋಡಿಕೊಳ್ಳುವಂತೆ ಆಧಾರಸಮೇತ ಮುಂದಿಡಬೇಕು.

ಎತ್ತಿನಹೊಳೆ ಯೋಜನೆಯನ್ನೇ ನೋಡೋಣ. ಪಶ್ಚಿಮಘಟ್ಟದ ಹಳ್ಳಗಳಿಂದ ಸುಮಾರು 24 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರವೂ ಸೇರಿದ ಬಯಲುಸೀಮೆಗೆ ತರಬಹುದೆಂದು ಯೋಜನಾ ವರದಿ ಹೇಳಿತು. ವೇದಿಕೆಗಳಲ್ಲಿ ಇದೇ ಅಂಕಿ ಮೊಳಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವಾದರೋ ಅಲ್ಲಿ ದೊರೆಯುವ ನೀರೇ ಸುಮಾರು 9.55 ಟಿಎಂಸಿ ಎಂದಿತು. 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ಅಂದಾಜು ವೆಚ್ಚ 2014ರಲ್ಲಿ 12,912 ಕೋಟಿಗೂ, ಮುಂದೆ 23,251 ಕೋಟಿಗೂ ಏರಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ನೀರೆತ್ತುವ ಮೊದಲ ಹಂತ ಉದ್ಘಾಟನೆಯಾದದ್ದು ನಿಜ. ಆದರೆ ಉದ್ಘಾಟನೆಯಾಯಿತೆಂಬುದು ಒಂದು ಸತ್ಯ, ಕೋಲಾರದ ಕೆರೆಗೆ ನೀರು ಬಂದಿತೆಂಬುದು ಇನ್ನೊಂದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ನಂಬಿಸುವುದು ಸುಲಭ. ಈ ಎರಡನ್ನೂ ಬೇರ್ಪಡಿಸಿ ತೋರಿಸುವುದೇ ಪತ್ರಕರ್ತನ ಕೆಲಸ.

ಸಂಪೂರ್ಣ ಸುಳ್ಳನ್ನು ಹಿಡಿಯುವುದು ಕಷ್ಟವಲ್ಲ. ಅರ್ಧಸತ್ಯವನ್ನು ಹಿಡಿಯುವುದು ಕಷ್ಟ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ಮರುತಿಂಗಳೇ ನೊರೆ ಕಾಣಿಸಿಕೊಂಡು, ವಿವಾದ ಹೈಕೋರ್ಟಿನ ಮೆಟ್ಟಿಲೇರಿ, ಕೆಲಕಾಲ ತಡೆಯಾಜ್ಞೆಯೂ ಬಂತು. ಒಂದು ಪಕ್ಷ ‘ಶುದ್ಧೀಕರಿಸಿದ ನೀರು’ ಎಂದಿತು; ಇನ್ನೊಂದು ಪಕ್ಷ ‘ವಿಷ’ ಎಂದಿತು. ಎರಡು ಹಂತಗಳಲ್ಲಿ ಸಂಸ್ಕರಿಸಿದ್ದು ನಿಜ. ಆದರೆ ಎರಡು ಹಂತ ಸಾಲದು, ಮೂರನೆಯ ಹಂತವೂ ಬೇಕು ಎಂಬ ಬೇಡಿಕೆ ಇದ್ದುದೂ ನಿಜ. ನೀರು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸಲೆಂದು ಬಂದದ್ದೇ ಹೊರತು ಕುಡಿಯಲೆಂದಲ್ಲ. ಬಳಿಕದ ವರ್ಷಗಳಲ್ಲಿ ಅಂತರ್ಜಲ ಮೇಲೇರಿತೆಂಬುದನ್ನೂ ಅಧ್ಯಯನಗಳು ತೋರಿಸಿವೆ. ‘ಶುದ್ಧ’ ಎಂದಾಗ ಯಾವ ಬಳಕೆಗೆ ಶುದ್ಧ, ‘ವಿಷ’ ಎಂದಾಗ ಯಾವ ಪರೀಕ್ಷೆಯ ಪ್ರಕಾರ ವಿಷ ಎಂದು ಎರಡೂ ಕಡೆಯವರನ್ನು ಸಮನಾಗಿ ಪ್ರಶ್ನಿಸುವುದೇ ನ್ಯಾಯ. ತನಗೆ ಆಗದವರ ಮಾತನ್ನು ಮಾತ್ರ ಒರೆಗೆ ಹಚ್ಚುವವನು ಸತ್ಯಶೋಧಕನಲ್ಲ, ಕಕ್ಷಿದಾರ.

ಪರೀಕ್ಷೆಗೂ ಒಂದು ಮಿತಿಯುಂಟು. ‘ಐದು ವರ್ಷದಲ್ಲಿ ನೀರು ತರುತ್ತೇನೆ’ ಎಂಬ ಆಶ್ವಾಸನೆ ಇಂದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಅದು ಕಾಲದ ಕೈಯಲ್ಲಿದೆ. ‘ನಮ್ಮದು ರೈತಪರ ಸರ್ಕಾರ’ ಎಂಬುದು ಅಭಿಪ್ರಾಯ. ಇಂತಹ ಮಾತುಗಳಿಗೆ ಸುಳ್ಳಿನ ಮುದ್ರೆ ಒತ್ತಲು ಹೊರಟರೆ ಪತ್ರಕರ್ತನೇ ನ್ಯಾಯಾಧೀಶನ ಪೀಠವೇರಿದಂತಾಗುತ್ತದೆ. ಆದರೆ ಹಳೆಯ ಆಶ್ವಾಸನೆ ಏನಾಯಿತೆಂದು ಕೇಳುವ ಹಕ್ಕು ಅವನಿಗೆ ಯಾವಾಗಲೂ ಇದೆ. ತಾನೇ ತಪ್ಪಿದಾಗ ಆ ತಪ್ಪನ್ನು ಮರೆಮಾಚದೆ ಒಪ್ಪಿಕೊಳ್ಳುವ ವಿನಯವೂ ಅವನಿಗೆ ಬೇಕು.

ಪರೀಕ್ಷಿಸುವವರು ಯಾರು ಎಂಬುದೂ ಮುಖ್ಯ. ಅಮೆರಿಕದ ಪೊಲಿಟಿಫ್ಯಾಕ್ಟ್ ಎಂಬ ಪತ್ರಕರ್ತರ ತಂಡ 2007ರಲ್ಲಿ ಈ ಕೆಲಸ ಆರಂಭಿಸಿ 2009ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ನಮ್ಮ ದೇಶದಲ್ಲೂ ಇಂತಹ ಹಲವು ತಂಡಗಳು ಹುಟ್ಟಿವೆ. 2023ರಲ್ಲಿ ಕೇಂದ್ರ ಸರ್ಕಾರವು ತನಗೆ ಸಂಬಂಧಿಸಿದ ಸುದ್ದಿಯ ಸತ್ಯಾಸತ್ಯವನ್ನು ತನ್ನದೇ ಘಟಕ ನಿರ್ಧರಿಸಬೇಕೆಂದು ನಿಯಮ ತಂದಾಗ, 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ತನ್ನ ಮೊಕದ್ದಮೆಯಲ್ಲಿ ತಾನೇ ತೀರ್ಪುಗಾರನಾಗುವುದು ಯಾವ ನ್ಯಾಯದಲ್ಲೂ ಸಲ್ಲದು.

ಆದರೆ ದೊಡ್ಡ ನಗರದ ತಂಡಗಳು ತಾಯಲೂರಿನ ಭಾಷಣ ಕೇಳಲು ಬರುವುದಿಲ್ಲ. ಅದನ್ನು ಕೇಳುವವನು ತಾಲ್ಲೂಕಿನ ವರದಿಗಾರ. ಅವನ ಸಂಭಾವನೆ ಅಲ್ಪ. ಸಂಜೆಯೊಳಗೆ ಸುದ್ದಿ ಕಳುಹಿಸಬೇಕು. ಹಲವೆಡೆ ಜಾಹೀರಾತನ್ನೂ ಅವನೇ ಸಂಗ್ರಹಿಸಬೇಕು, ಅದನ್ನು ಕೊಡುವವರಲ್ಲಿ ಆ ನಾಯಕರ ಬೆಂಬಲಿಗರೂ ಇರುತ್ತಾರೆ. ‘ಈ ಅಂಕಿ ಎಲ್ಲಿಂದ ಬಂತು ಸ್ವಾಮಿ?’ ಎಂದು ಅವನು ಕೇಳಿದರೆ ಅದು ಸಣ್ಣ ಧೈರ್ಯವಲ್ಲ. ಅವನಿಂದ ಸತ್ಯವನ್ನು ನಿರೀಕ್ಷಿಸುವ ನಾವು ಅವನಿಗೆ ಯಾವ ಬೆಂಬಲ ಕೊಟ್ಟಿದ್ದೇವೆ? ನಮಗೆ ಹಿತವಾದ ಸುಳ್ಳನ್ನು ಮೊಬೈಲಿನಲ್ಲಿ ಹತ್ತು ಜನರಿಗೆ ಕಳುಹಿಸಿ, ಕಹಿಯಾದ ನಿಜವನ್ನು ಬರೆದವನನ್ನು ‘ಯಾವ ಪಕ್ಷದವನು?’ ಎಂದು ಹೀಗಳೆಯುತ್ತಿಲ್ಲವೇ?

ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ನಾವು ಬಾಲ್ಯದಲ್ಲೇ ಕಲಿತವರು. ಸಾಕ್ಷಿ ಎಂದರೆ ನ್ಯಾಯಾಲಯದ ಕಟಕಟೆಯಲ್ಲಿ ಆಡುವ ಮಾತು ಮಾತ್ರವಲ್ಲ. ತಿಳಿಯದ್ದನ್ನು ತಿಳಿದವರಂತೆ ದಾಟಿಸುವ ಪ್ರತಿಯೊಂದು ಮಾತೂ ಸಾಕ್ಷಿಯೇ. ಅದನ್ನು ನಂಬಿ ಸಾಲ ಮಾಡಿದ ರೈತ, ನಂಬಿ ಕಾದು ಬೆಳೆ ಒಣಗಿಸಿಕೊಂಡ ರೈತ, ಇವರೇ ಆ ನೆರೆಯವರು. ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ನೀರು ಬಂದಿದೆಯೋ ಇಲ್ಲವೋ ತಿಳಿಯುತ್ತದೆ. ಬರೆಯುವವನೂ ಓದುವವನೂ ಒಮ್ಮೆ ಆ ಏರಿಯವರೆಗೆ ನಡೆದುಹೋಗುವ ಶ್ರಮ ತೆಗೆದುಕೊಂಡರೆ, ನಾಯಕರ ಮಾತಿಗೂ ಒಂದು ಅಂಕೆ ಬಂದೀತು.