ಒದ್ದೆ ಬಟ್ಟೆ ಆರುವ ತನಕ

ಮನೆಯಲ್ಲೇ ಕುಳಿತು ಬರೆಯುವವರು, ಚಿತ್ರ ಬಿಡಿಸುವವರು, ನೇಯುವವರು, ರಾಗ ಕಟ್ಟುವವರು ಎಲ್ಲರಿಗೂ ಒಂದೇ ಕಷ್ಟ. ಅಲ್ಲಿ ಕೆಲಸಕ್ಕೆ ಕರೆಯುವ ಗಂಟೆ ಇಲ್ಲ, ಬಿಡುವು ಸಾರುವ ಗಂಟೆಯೂ ಇಲ್ಲ. ಇಂದು ಒಂದು ಸಾಲೂ ಆಗಲಿಲ್ಲ ಎಂಬುದು ಪಕ್ಕದ ಕೋಣೆಯವರಿಗೂ ಗೊತ್ತಾಗುವುದಿಲ್ಲ. ಬೆಳಗಿನ ಹುರುಪು ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಹೋಗುತ್ತದೆ, ಮರುದಿನ ಅದನ್ನು ಎಲ್ಲಿಂದ ತರಬೇಕು ಎಂಬುದು ಮೇಲ್ನೋಟಕ್ಕೆ ದಿನಚರಿಯ ಪ್ರಶ್ನೆ; ಬುಡದಲ್ಲಿ ಧರ್ಮದ ಪ್ರಶ್ನೆ. ಯಾರೂ ನೋಡದ ಕೆಲಸವನ್ನು ಮನುಷ್ಯ ಯಾರಿಗಾಗಿ ಮಾಡುತ್ತಾನೆ, ಯಾವುದಕ್ಕೆ ಕಟ್ಟುಬಿದ್ದು ಮಾಡುತ್ತಾನೆ ಎಂದು ಕೇಳದೆ ಇದಕ್ಕೆ ಉತ್ತರ ಸಿಗದು. ಒಂಟಿಯಾಗಿ ಕುಳಿತು ದುಡಿದ ಸಾಧಕರು ಇದನ್ನು ಬಹಳ ಹಿಂದೆಯೇ ಎದುರಿಸಿದ್ದರು. ಅವರ ಉತ್ತರಗಳೆಲ್ಲ ಒಂದೇ ಅಲ್ಲ.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ, ನೈಲ್ ನದಿಯ ಮುಖಜಭೂಮಿಗೆ ಸಮೀಪದ ಕೆಲ್ಲಿಯ ಎಂಬಲ್ಲಿ ಕ್ರೈಸ್ತ ಸನ್ಯಾಸಿಗಳು ಒಬ್ಬೊಬ್ಬರೇ ಗುಡಿಸಲು ಕಟ್ಟಿಕೊಂಡು ಬಾಳುತ್ತಿದ್ದರು. ಪ್ರಾರ್ಥನೆಯ ಜೊತೆಗೆ ಕೈಕೆಲಸ ಅವರ ನಿಯಮ. ತಾಳೆಗರಿಯ ಹಗ್ಗ ಹೊಸೆಯುವುದು, ಬುಟ್ಟಿ ಚಾಪೆ ಹೆಣೆಯುವುದು, ಓದುಬರಹ ಬಲ್ಲವರಾದರೆ ಗ್ರಂಥಗಳನ್ನು ಪ್ರತಿ ಮಾಡುವುದು. ಹಾಗೆ ಪ್ರತಿ ಮಾಡಿಯೇ ಹೊಟ್ಟೆ ಹೊರೆದುಕೊಂಡವನು ಇವಾಗ್ರಿಯಸ್. ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಸಡಗರ ಬಿಟ್ಟು ಬಂದ ಆತ 399ರಲ್ಲಿ ತೀರಿಕೊಳ್ಳುವ ತನಕ ಆ ಮರಳುಗಾಡಿನಲ್ಲೇ ಇದ್ದ. ಸಾಧಕನನ್ನು ಕೆಡಿಸುವ ಎಂಟು ಆಲೋಚನೆಗಳನ್ನು ಆತ ವಿಂಗಡಿಸಿದ. ಅವುಗಳಲ್ಲಿ ಅತಿ ಭಾರವಾದುದು ಅಕೇಡಿಯ. ಗ್ರೀಕ್ ಭಾಷೆಯಲ್ಲಿ ಅದರ ಮೂಲಾರ್ಥ ಆಸ್ಥೆ ಇಲ್ಲದಿರುವುದು.

ಇವಾಗ್ರಿಯಸ್ ಇದನ್ನು ನಡುಹಗಲಿನ ಪಿಶಾಚಿ ಎಂದು ಗುರುತಿಸುತ್ತಾನೆ. ಸುಮಾರು ಹತ್ತು ಗಂಟೆಯಿಂದ ಎರಡು ಗಂಟೆಯ ತನಕ ಅದರ ಆಟ. ಸೂರ್ಯ ಜರುಗುತ್ತಲೇ ಇಲ್ಲವೆನಿಸುತ್ತದೆ. ಊಟದ ಹೊತ್ತಾಯಿತೇ ಎಂದು ಸಾಧಕ ಮತ್ತೆ ಮತ್ತೆ ಕಿಟಕಿಯಾಚೆ ಇಣುಕುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ಹೊಸ್ತಿಲಿಗೆ ಬರುತ್ತಾನೆ. ಬಳಿಕ ಕುಳಿತ ಜಾಗ ಬೇಡವಾಗುತ್ತದೆ, ಹಿಡಿದ ಕೆಲಸ ಬೇಡವಾಗುತ್ತದೆ. ತನ್ನವರಲ್ಲಿ ಪ್ರೀತಿ ಬತ್ತಿಹೋಗಿದೆ, ತನ್ನನ್ನು ಕೇಳುವವರಿಲ್ಲ ಎಂಬ ಭಾವ ಬರುತ್ತದೆ. ಬೇರೆ ಊರಾದರೆ ಕೆಲಸ ಹಗುರ, ಗಳಿಕೆಯೂ ಸಲೀಸು ಎಂಬ ಲೆಕ್ಕಾಚಾರ ಏಳುತ್ತದೆ. ಕಡೆಗೆ ಬಿಟ್ಟುಬಂದ ಮನೆಮಂದಿಯ ನೆನಪು, ಮುಂದೆ ಸವೆಸಬೇಕಾದ ವರ್ಷಗಳ ಚಿಂತೆ. ಮನೆಯಲ್ಲೇ ಕುಳಿತು ಕಾದಂಬರಿ ಬರೆಯಲು ಹೊರಟ ಯಾರಿಗಾದರೂ ಈ ಅನುಕ್ರಮ ಪರಿಚಿತ. ಕಿಟಕಿಯ ಜಾಗಕ್ಕೆ ಈಗ ಮೊಬೈಲು ಬಂದಿದೆ, ಅಷ್ಟೇ.

ನಂತರದ ಶತಮಾನಗಳಲ್ಲಿ ಪಶ್ಚಿಮದ ಚರ್ಚು ಅಕೇಡಿಯವನ್ನು ಏಳು ಮಹಾಪಾಪಗಳ ಪಟ್ಟಿಗೆ ಸೇರಿಸಿತು. ಕಾಲಕ್ರಮದಲ್ಲಿ ಜನರ ಬಾಯಲ್ಲಿ ಅದು ಬರೀ ಸೋಮಾರಿತನವಾಯಿತು. ಈ ಸವೆತ ದೊಡ್ಡ ನಷ್ಟ. ಇವಾಗ್ರಿಯಸ್ ಬಣ್ಣಿಸಿದವನು ಸೋಮಾರಿಯಲ್ಲ. ಎದ್ದು ಓಡಾಡಲು, ಯಾರದೋ ಕಷ್ಟ ವಿಚಾರಿಸಲು, ಹೊಸ ಊರಿಗೆ ಹೊರಡಲು ಅವನಲ್ಲಿ ಬೇಕಾದಷ್ಟು ಚೈತನ್ಯವಿದೆ. ಎದುರಿಗಿರುವ ಈ ಒಂದು ಕೆಲಸಕ್ಕೆ ಮಾತ್ರ ಇಲ್ಲ. ಹೀಗಿರುವಾಗ ಅವನಿಗೆ ಚೈತನ್ಯ ತುಂಬಿಸಹೊರಡುವುದು ತಪ್ಪು ಚಿಕಿತ್ಸೆ.

ಪತಂಜಲಿಯ ಯೋಗಸೂತ್ರವೂ ಇಂಥದೇ ಸೂಕ್ಷ್ಮ ಭೇದ ಮಾಡುತ್ತದೆ. ಅದು ಹೇಳುವ ಒಂಬತ್ತು ಅಂತರಾಯಗಳಲ್ಲಿ ಸ್ತ್ಯಾನ ಮತ್ತು ಆಲಸ್ಯ ಬೇರೆ ಬೇರೆ. ವ್ಯಾಸಭಾಷ್ಯದ ಪ್ರಕಾರ ಸ್ತ್ಯಾನವೆಂದರೆ ಚಿತ್ತ ಕೆಲಸಕ್ಕೆ ಒಗ್ಗದೆ ನಿಲ್ಲುವುದು. ಆಲಸ್ಯವೆಂದರೆ ದೇಹವೂ ಮನಸ್ಸೂ ಭಾರವಾಗಿ ಹೊರಡದಿರುವುದು. ವ್ಯಾಧಿ ಮತ್ತೊಂದು, ಸಂಶಯ ಇನ್ನೊಂದು. ಪಟ್ಟಿಯ ಕೊನೆಯಲ್ಲಿ ಬರುವ ಎರಡು ಕಲಾವಿದರಿಗೆ ವಿಶೇಷವಾಗಿ ತಟ್ಟುವಂಥವು: ಎಷ್ಟು ಮಾಡಿದರೂ ಒಂದು ನೆಲೆ ಸಿಗದಿರುವುದು, ಸಿಕ್ಕ ನೆಲೆಯಲ್ಲಿ ಚಿತ್ತ ನಿಲ್ಲದಿರುವುದು. ಜ್ವರ ಬಂದವನಿಗೆ ಮಲಗಲು ಹೇಳಬೇಕು, ಸಂಶಯ ಬಂದವನ ಸಂಶಯಕ್ಕೆ ಉತ್ತರ ಹುಡುಕಬೇಕು. ಇಬ್ಬರನ್ನೂ ಮೈಗಳ್ಳರೆಂದು ಬೈಯುವುದರಿಂದ ಇಬ್ಬರೂ ಕೆಡುತ್ತಾರೆ.

ಮರುಭೂಮಿಯವರ ಮದ್ದು ಸರಳ. ಪ್ರತಿಯೊಂದು ಕೆಲಸಕ್ಕೂ ಒಂದು ಅಳತೆ ಇಟ್ಟುಕೊಳ್ಳಬೇಕು, ಅಳತೆ ಮುಗಿಯುವ ತನಕ ಏಳಬಾರದು ಎನ್ನುತ್ತಾನೆ ಇವಾಗ್ರಿಯಸ್. ಅವರೆಲ್ಲರ ಹಿರಿಯನಾದ ಆಂಟೊನಿಯ ಬಗ್ಗೆ ಒಂದು ಕಥೆಯಿದೆ. ಒಮ್ಮೆ ಅವನಿಗೆ ಇದೇ ಜಡ ಕವಿಯಿತು. ದಾರಿ ತೋರೆಂದು ದೇವರಲ್ಲಿ ಮೊರೆಯಿಟ್ಟು ಹೊರಗೆ ಬಂದಾಗ ತನ್ನಂತೆಯೇ ಇರುವ ಒಬ್ಬ ಕುಳಿತಿದ್ದುದು ಕಂಡಿತು. ಅವನು ಕೂತು ಹಗ್ಗ ಹೊಸೆಯುತ್ತಿದ್ದ, ಎದ್ದು ಪ್ರಾರ್ಥಿಸುತ್ತಿದ್ದ, ಮತ್ತೆ ಕೂತು ಹೊಸೆಯುತ್ತಿದ್ದ. ದೇವದೂತನೇ ಆ ರೂಪದಲ್ಲಿ ಬಂದಿದ್ದನೆಂದು ಕಥೆ ಹೇಳುತ್ತದೆ. ಆಂಟೊನಿಗೆ ಸಿಕ್ಕ ಉಪದೇಶ ಅಷ್ಟೇ. ಹುರುಪು ಹುಟ್ಟಿಸುವ ಒಂದು ಮಾತೂ ಅದರಲ್ಲಿಲ್ಲ; ಕೂರುವುದು, ಏಳುವುದು, ಮತ್ತೆ ಕೂರುವುದು.

ಇದೇ ಪರಂಪರೆಯ ಇನ್ನೊಂದು ಕಥೆ ಹೆಚ್ಚು ಕಠೋರವಾದುದು. ಜಾನ್ ಕ್ಯಾಸಿಯನ್ ದಾಖಲಿಸಿದ ಪಾಲ್ ಎಂಬ ಹಿರಿಯ ಊರಿನಿಂದ ಏಳು ದಿನದ ದಾರಿಯಷ್ಟು ದೂರ ಇದ್ದವನು. ಹೆಣೆದದ್ದನ್ನು ಸಂತೆಗೆ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ಮೀರುತ್ತಿತ್ತು. ಹೊಟ್ಟೆಗೆ ತೋಟದ ಫಸಲು ಸಾಕಾಗುತ್ತಿತ್ತು. ಆದರೂ ದಿನಾ ತಾಳೆಗರಿ ಕೂಡಿಹಾಕಿ, ಅದರಿಂದಲೇ ಬದುಕು ನಡೆಯಬೇಕೆಂಬಂತೆ ದಿನದ ಪಾಲು ಮುಗಿಸುತ್ತಿದ್ದ. ವರ್ಷದ ಕೊನೆಗೆ ಗುಹೆ ತುಂಬಿದಾಗ ಎಲ್ಲಕ್ಕೂ ಬೆಂಕಿಯಿಡುತ್ತಿದ್ದ. ಫಲದಾಸೆಯನ್ನು ಬೇರುಸಹಿತ ಕಿತ್ತ ದುಡಿಮೆ ಇದು. ಮನಸ್ಸನ್ನು ನೆಲೆಯಲ್ಲಿ ನಿಲ್ಲಿಸುವ ಉಪಾಯವಾಗಿ ಇದಕ್ಕೆ ಬೆಲೆಯಿದೆ. ಕಲೆಯ ಕೆಲಸಕ್ಕೆ ಮಾತ್ರ ಇದು ಪೂರ್ತಿ ಒಗ್ಗದು. ಸುಡಲಿರುವ ಬುಟ್ಟಿಯ ಹೆಣಿಗೆ ಬಿಗಿಯಾಗಿದೆಯೇ ಸಡಿಲವಾಗಿದೆಯೇ ಎಂದು ನೋಡಬೇಕಾದ ಅಗತ್ಯ ಅಲ್ಲಿ ಉಳಿಯುವುದಿಲ್ಲ.

ಭಗವದ್ಗೀತೆಯ ಫಲತ್ಯಾಗವನ್ನು ಹಲವರು ಪಾಲ್‌ನ ಬೆಂಕಿಯಂತೆಯೇ ಓದುತ್ತಾರೆ. ಆ ಓದಿಗೆ ಗೀತೆಯೇ ಒಪ್ಪುವುದಿಲ್ಲ. ಹದಿನೆಂಟನೆಯ ಅಧ್ಯಾಯ ಮೂರು ಬಗೆಯ ಕರ್ತೃಗಳನ್ನು ವಿವರಿಸುವಾಗ, ಸಾತ್ತ್ವಿಕನು ಸಂಗವನ್ನು ತೊರೆದವನು, ಸಿದ್ಧಿಗೂ ಅಸಿದ್ಧಿಗೂ ವಿಕಾರಗೊಳ್ಳದವನು ಎಂದು ಹೇಳಿ, ಅದೇ ಉಸಿರಿನಲ್ಲಿ ಅವನಿಗೆ ಧೃತಿಯೂ ಉತ್ಸಾಹವೂ ಇರುತ್ತವೆ ಎನ್ನುತ್ತದೆ. ಬಿಟ್ಟುಕೊಡಬೇಕಾದುದು ಫಲದ ಮೇಲಿನ ಹಿಡಿತ, ಕೆಲಸದ ಮೇಲಿನ ಪ್ರೀತಿಯಲ್ಲ. ತಾಮಸ ಕರ್ತೃವಿನ ಲಕ್ಷಣಗಳಲ್ಲಿ ವಿಷಾದಿ, ದೀರ್ಘಸೂತ್ರಿ ಎಂಬ ಎರಡು ಪದಗಳು ಒತ್ತೊತ್ತಿಗೆ ಬರುತ್ತವೆ. ದೀರ್ಘಸೂತ್ರಿ ಎಂದರೆ ಇಂದಿನ ಕೆಲಸವನ್ನು ನಾಳೆಗೆ, ನಾಳೆಯದನ್ನು ಮುಂದಿನ ತಿಂಗಳಿಗೆ ನೂಲಿನಂತೆ ಎಳೆಯುವವನು. ಖಿನ್ನತೆಯ ಪಕ್ಕದಲ್ಲೇ ಮುಂದೂಡುವಿಕೆಯನ್ನು ಇಟ್ಟದ್ದು ಮನಸ್ಸನ್ನು ಬಲ್ಲವರ ಕೆಲಸ. ಭರತನ ನಾಟ್ಯಶಾಸ್ತ್ರದಲ್ಲಿ ಉತ್ಸಾಹ ವೀರರಸದ ಸ್ಥಾಯಿಭಾವ ಎಂಬುದನ್ನೂ ಇಲ್ಲಿ ನೆನೆಯಬೇಕು. ಸ್ಥಾಯಿ ಎಂದರೆ ಒಳಗೆ ನೆಲೆಯಾಗಿ ಇರುವುದು. ಅದು ಆಗಾಗ ಬಂದುಹೋಗುವ ಅತಿಥಿಯಲ್ಲ.

ಮನೆಯಲ್ಲಿ ಕುಳಿತು ಬರೆಯುವವನ ದಿನವನ್ನು ಗಂಟೆಗಂಟೆಗೂ ಚಿತ್ರಿಸಿದ ಒಂದು ಗ್ರಂಥ ಭಾರತದಲ್ಲೇ ಇದೆ. ಕ್ರಿ.ಶ. 900ರ ಆಸುಪಾಸಿನಲ್ಲಿ ಕನೌಜಿನ ಆಸ್ಥಾನದಲ್ಲಿದ್ದ ರಾಜಶೇಖರನ ಕಾವ್ಯಮೀಮಾಂಸೆಯ ಹತ್ತನೆಯ ಅಧ್ಯಾಯ ಕವಿಯ ಮನೆ, ಉಪಕರಣ, ದಿನಚರಿಗಳಿಗೆ ಮೀಸಲು. ಹಗಲಿನ ನಾಲ್ಕು ಪ್ರಹರಗಳಲ್ಲಿ ಮೊದಲನೆಯದು ಅಭ್ಯಾಸಕ್ಕೆ, ಎರಡನೆಯದು ರಚನೆಗೆ, ಊಟದ ನಂತರದ್ದು ಕಾವ್ಯಗೋಷ್ಠಿಗೆ. ನಾಲ್ಕನೆಯ ಪ್ರಹರದಲ್ಲಿ ಬೆಳಿಗ್ಗೆ ಬರೆದುದನ್ನು ಪರೀಕ್ಷಿಸಬೇಕು. ರಸದ ಆವೇಶದಲ್ಲಿ ಬರೆಯುತ್ತಿರುವಾಗ ವಿವೇಚನೆಯ ಕಣ್ಣು ತೆರೆದಿರುವುದಿಲ್ಲ, ಆದ್ದರಿಂದ ಹೆಚ್ಚಾದುದನ್ನು ತೆಗೆದು ಕಡಿಮೆಯಾದುದನ್ನು ತುಂಬುವುದು ಬೇರೆ ಹೊತ್ತಿನ ಕೆಲಸ ಎಂಬುದು ಅವನ ನಿಲುವು. ಮನೆಯಲ್ಲಿ ದುಡಿಯುವವರ ಹುರುಪು ಕೆಡುವುದು ಬಹುಮಟ್ಟಿಗೆ ಈ ಎರಡು ಹೊತ್ತುಗಳು ಬೆರೆತಾಗ. ಮೊದಲ ಸಾಲು ಬರೆಯುತ್ತಿರುವಾಗಲೇ ತಿದ್ದುವ ಕೈ ಮೇಲೇಳುತ್ತದೆ, ಎರಡನೆಯ ಸಾಲು ಹುಟ್ಟುವುದೇ ಇಲ್ಲ.

ರಾಜಶೇಖರ ಕವಿಗಳನ್ನು ಹೊತ್ತಿನ ಮೇಲೂ ವಿಂಗಡಿಸುತ್ತಾನೆ. ಒಳಮನೆ ಸೇರಿ ಬಿಸಿಲು ಕಾಣದೆ ಬರೆಯುವವನು ಅಸೂರ್ಯಂಪಶ್ಯ. ಬೇರೆ ಸೇವೆಗೆ ಕುಂದು ಬಾರದಂತೆ ಸಿಕ್ಕ ಬಿಡುವಿನಲ್ಲಿ ಬರೆಯುವವನು ದತ್ತಾವಸರ. ಈ ಎರಡನೆಯವನನ್ನೂ ಆತ ಕವಿಗಳ ಸಾಲಿನಲ್ಲೇ ಕೂರಿಸಿದ್ದಾನೆ, ಇದು ದೊಡ್ಡ ಮಾತು.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಪ್ರಶ್ನೆ ಬೇರೊಂದು ತಿರುವು ಪಡೆಯಿತು. ಅವರ ದುಡಿಮೆ ಮರುಭೂಮಿಯ ಗುಡಿಸಲಿನದಲ್ಲ, ಸಂಸಾರದ ನಡುವಿನದು. ಮೇದರ ಕೇತಯ್ಯ ಬಿದಿರು ಹೆಣೆಯುತ್ತಿದ್ದ, ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ನೀರಿಗೆ ಬಿದ್ದರೂ ಚಂದಯ್ಯ ಅದಕ್ಕಾಗಿ ಕೆಲಸ ನಿಲ್ಲಿಸದೆ ಹೊರೆ ಹೊತ್ತು ಹೊರಟನೆಂದು ಕಥೆ ಹೇಳುತ್ತದೆ. ಪೂಜೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಎಂಬ ಗೆರೆಯನ್ನೇ ಅದು ಅಳಿಸಿತು. ಕಾಯಕವೇ ಪೂಜೆಯಾದಾಗ ಅದಕ್ಕೆ ಮನಸ್ಸಿದೆಯೇ ಇಲ್ಲವೇ ಎಂಬ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ. ದೀಪ ಹಚ್ಚುವವರು ಹುರುಪು ಬರಲಿ ಎಂದು ಕಾಯುವುದಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಇನ್ನೂ ಆಳಕ್ಕೆ ಹೋಗುತ್ತದೆ. ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು, ಅದರಿಂದ ದಾಸೋಹ ನಡೆಸುವುದು. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಬೇಕಾದಷ್ಟಕ್ಕಿಂತ ಮೀರಿದ್ದು ಆಸೆಯೇ ಹೊರತು ಕಾಯಕವಲ್ಲ ಎಂದು ಅದನ್ನು ಎಲ್ಲಿಂದ ತಂದನೋ ಅಲ್ಲೇ ಸುರಿದುಬರಲು ಕಳಿಸಿದಳು. ಅನುಭವದ ಮಾತುಕತೆಯಲ್ಲಿ ಮೈಮರೆತು ಕೂತಿದ್ದಾಗ ಕಾಯಕದ ಹೊತ್ತಾಯಿತೆಂದು ಅವನನ್ನು ಎಬ್ಬಿಸಿದವಳೂ ಅವಳೇ. ಕಡಿಮೆಯಾದಾಗ ಎಬ್ಬಿಸುವುದು, ಹೆಚ್ಚಾದಾಗ ತಡೆಯುವುದು, ಎರಡೂ ಒಂದೇ ನಿಯಮದ ಎರಡು ಮುಖ. ಹುರುಪಿನ ಬಗ್ಗೆ ಬರುವ ಹೆಚ್ಚಿನ ಸಲಹೆಗಳು ಎಬ್ಬಿಸುವುದನ್ನಷ್ಟೇ ಬಲ್ಲವು. ಒಂದೇ ರಾತ್ರಿ ಹತ್ತು ಪುಟ ಬರೆದು ಮುಂದಿನ ಹತ್ತು ದಿನ ಲೇಖನಿ ಮುಟ್ಟದವರ ಕಷ್ಟ ಲಕ್ಕಮ್ಮನಿಗೆ ಅರ್ಥವಾಗುತ್ತಿತ್ತು.

ಶರಣರಿಗೂ ಗುಹೆಯ ಪಾಲ್‌ಗೂ ನಿಜವಾದ ಭಿನ್ನಾಭಿಪ್ರಾಯ ಇರುವುದು ಬೆಂಕಿಯ ವಿಷಯದಲ್ಲಿ. ದಾಸೋಹವಿಲ್ಲದೆ ಕಾಯಕ ಪೂರ್ಣವಾಗದು. ಆಯ್ದ ಅಕ್ಕಿಯನ್ನು ಉಣ್ಣುವವರು ಇರಬೇಕು, ಹೊಸೆದ ಹಗ್ಗದಿಂದ ಯಾರದೋ ಹಸಿವು ತೀರಬೇಕು. ಈ ವಾದದಲ್ಲಿ ಶರಣರ ಪಕ್ಷವೇ ಗಟ್ಟಿ. ಹೊಗಳಿಕೆಗಾಗಿ ಬರೆಯುವುದು ಬೇರೆ, ಒಬ್ಬ ಓದುಗನ ಕೈಗೆ ತಲುಪಲೆಂದು ಬರೆಯುವುದು ಬೇರೆ. ಮೊದಲನೆಯದು ಫಲದ ಹಿಡಿತ, ಎರಡನೆಯದು ದಾಸೋಹ. ಮನೆಯಲ್ಲಿ ಒಂಟಿಯಾಗಿ ದುಡಿಯುವವರ ಆಸ್ಥೆ ಬತ್ತುವುದು ಬಹಳ ಸಲ ಕೆಲಸ ಕಷ್ಟವಾದುದರಿಂದಲ್ಲ, ಅದನ್ನು ಉಣ್ಣುವವರು ಯಾರೆಂದು ಮರೆತುಹೋದುದರಿಂದ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ರಾಜಶೇಖರನ ಕವಿಗೆ ತೋಟವಿತ್ತು, ಪರಿಚಾರಕರಿದ್ದರು. ಕೆಲ್ಲಿಯದ ಸನ್ಯಾಸಿಗೆ ಮಕ್ಕಳಿರಲಿಲ್ಲ. ಮನೆಯೇ ಮುಗಿಯದ ಕೆಲಸವಾಗಿರುವ ಹೆಂಗಸರಿಗೆ ಮನೆಯಲ್ಲಿ ಕೂತು ಬರೆಯುವುದು ಬೇರೆಯೇ ಅರ್ಥದ್ದು. ನಂಜನಗೂಡು ತಿರುಮಲಾಂಬ (1887–1982) ಬಾಲವಿಧವೆಯಾಗಿ ತವರಿನಲ್ಲಿದ್ದುಕೊಂಡೇ ಕಾದಂಬರಿ, ನಾಟಕ ಬರೆದು ‘ಸತೀಹಿತೈಷಿಣಿ’ ಮಾಲೆಯಲ್ಲಿ ಅಚ್ಚುಹಾಕಿಸಿದರು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಹೊರಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಇಂಥವರಿಗೆ ಹುರುಪಿನ ಕೊರತೆ ಇತ್ತೆನ್ನುವುದು ಅನ್ಯಾಯ, ಕೊರತೆಯಿದ್ದದ್ದು ಹೊತ್ತಿಗೆ. ರಾಜಶೇಖರನ ದತ್ತಾವಸರರಲ್ಲಿ ಹಿರಿಯ ಪಂಕ್ತಿ ಇವರದು. ಹೆಂಗಸರೂ ಕವಿಗಳಾಗಬಲ್ಲರು, ಸಂಸ್ಕಾರ ಇರುವುದು ಆತ್ಮದಲ್ಲಿ ಎಂದು ಅವನೇ ಒಪ್ಪಿದ್ದಾನೆ. ಮನೆಯವರು ದಿನಕ್ಕೆ ಒಂದು ಗಂಟೆಯನ್ನು ಇವರಿಗೆ ಬಿಟ್ಟುಕೊಡುವುದು ಉಪಕಾರವಲ್ಲ, ಧರ್ಮ.

ಹೊತ್ತು ಕಡಿಮೆಯಿದ್ದಾಗ ಅಳತೆಯೇ ಆಸರೆ. ಹದಿನೈದನೆಯ ಶತಮಾನದ ಕುಮಾರವ್ಯಾಸನ ಬಗ್ಗೆ ಗದುಗಿನಲ್ಲಿ ಪ್ರಚಲಿತವಿರುವ ಐತಿಹ್ಯ ಇದನ್ನೇ ಕಥೆಯಾಗಿಸಿದೆ. ಅವನು ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಪದ್ಯ ಹರಿಯುತ್ತಿತ್ತು. ಆರಿದೊಡನೆ ಲೇಖನಿ ಕೆಳಗಿಡುತ್ತಿದ್ದ, ಮರುದಿನ ಮತ್ತೆ ಮೀಯುತ್ತಿದ್ದ. ಭಾರತದ ಹತ್ತು ಪರ್ವಗಳು ಹಾಗೆ ಮುಗಿದವೆಂದು ಜನ ನಂಬುತ್ತಾರೆ. ಆ ಕಂಬವನ್ನು ಗುಡಿಗೆ ಬಂದವರಿಗೆ ಇಂದಿಗೂ ತೋರಿಸುತ್ತಾರೆ.